ಖಳ ಯಾರ ಕಡೆಯವನು? ಡಿ ಅಂಡ್ ಡಿ ಲೋಕದ ಐವತ್ತು ವರ್ಷದ ತಕರಾರು

ಓರ್ಕ್‌ಗಳು ಹುಟ್ಟಿನಿಂದಲೇ ಕೆಟ್ಟವರಾ? ಡ್ರೌ ಕಂಡ ಕೂಡಲೇ ಕತ್ತಿ ಎತ್ತೋದು ಸರಿನಾ? ಓರ್ಕ್ ಅಂದರೆ ಕತೆಗಳ ಒರಟು ಯೋಧರ ಜನಾಂಗ, ಡ್ರೌ ಅಂದರೆ ನೆಲದಡಿಯ ಎಲ್ಫ್‌ಗಳು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುವವರ ನಡುವೆ ಈ ಮಾತು ಎದ್ದರೆ ಸಾಕು, ಅವತ್ತಿನ ಆಟ ಮುಗಿದ ಹಾಗೆ. ಕಳೆದ ಐದಾರು ವರ್ಷಗಳಲ್ಲಂತೂ ಇದು ಎಷ್ಟು ಸಿಕ್ಕಾಗಿದೆ ಅಂದರೆ, ಹೊಸದಾಗಿ ಬಂದವರಿಗೆ ಯಾರು ಯಾಕೆ ಸಿಟ್ಟಾಗಿದ್ದಾರೆ ಅಂತಲೇ ತಿಳಿಯುವುದಿಲ್ಲ. ಪುಸ್ತಕದಿಂದ ನಮ್ಮ ಕತೆ ಕಿತ್ತು ಹಾಕಿದರು ಅಂತ ಒಂದು ಗುಂಪು. ಇನ್ನೂ ಪೂರ್ತಿ ಕೀಳಲಿಲ್ಲ ಅಂತ ಇನ್ನೊಂದು ಗುಂಪು. ಇಬ್ಬರೂ ಹೆಚ್ಚಾಗಿ ನೋಡುವುದು 2020ರಿಂದ ಈಚೆಗೆ. ಆದರೆ ಗಂಟು ಬಿದ್ದಿದ್ದು ಅದಕ್ಕಿಂತ ತುಂಬ ಹಿಂದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಕತೆ ಕಟ್ಟುತ್ತಾ ಆಡುವ ಆಟ ಇದು. ಒಬ್ಬೊಬ್ಬರದು ಒಂದೊಂದು ಪಾತ್ರ. ಡಂಜನ್ ಮಾಸ್ಟರ್, ಅಂದರೆ ಡಿಎಂ, ಉಳಿದ ಇಡೀ ಲೋಕವನ್ನು ನಡೆಸುತ್ತಾರೆ. ಊರಿನ ಜನ, ದೈತ್ಯರು, ಖಳರು ಎಲ್ಲ ಅವರ ಕೈಯಲ್ಲಿ. ಏಟು ಬಿತ್ತೋ ಇಲ್ಲವೋ ಅನ್ನುವುದಕ್ಕೆ ದಾಳ ಇದೆ. ಖಳ ಯಾಕೆ ಹೀಗೆ ಮಾಡುತ್ತಿದ್ದಾನೆ ಅನ್ನುವುದಕ್ಕೆ ದಾಳ ಇಲ್ಲ. ಅದನ್ನು ಡಿಎಂ ಹೇಳಬೇಕು, ಡಿಎಂಗೆ ಪುಸ್ತಕ ಹೇಳಿಕೊಡಬೇಕು.

ಈಗ ಎಲ್ಲರ ಬಾಯಿಗೂ ಬಿದ್ದಿರುವ ಅಲೈನ್‌ಮೆಂಟ್, ಅಂದರೆ ಒಳ್ಳೆಯವನೋ ಕೆಟ್ಟವನೋ, ಶಿಸ್ತಿನವನೋ ಅಲ್ಲವೋ ಅನ್ನುವ ಗುರುತು, ಹುಟ್ಟಿದ್ದು ಗುಣ ಅಳೆಯುವುದಕ್ಕಲ್ಲ. ಅದರ ಬೇರು 1971ರ ಚೈನ್‌ಮೇಲ್ ಅನ್ನುವ ಯುದ್ಧದಾಟದಲ್ಲಿದೆ. ಪುಟ್ಟ ಸೈನಿಕರ ಗೊಂಬೆಗಳನ್ನು ಜೋಡಿಸಿ ಆಡುವ ಆಟ ಅದು. ಅದಕ್ಕೆ ಡ್ರ್ಯಾಗನ್, ಎಲ್ಫ್, ಟ್ರೋಲ್ ಎಲ್ಲ ಸೇರಿದಾಗ ಯಾವುದು ಯಾವ ಸೇನೆಯಲ್ಲಿ ನಿಲ್ಲಬೇಕು ಅನ್ನುವ ಪ್ರಶ್ನೆ ಬಂತು. ಲಾ (ಕಟ್ಟಳೆ), ನ್ಯೂಟ್ರಲ್ (ಯಾವ ಕಡೆಗೂ ಸೇರದ್ದು), ಕೇಯಾಸ್ (ಕಟ್ಟಳೆ ಇಲ್ಲದ್ದು) ಅಂತ ಮೂರು ಪಟ್ಟಿ ಮಾಡಿದರು. ಯಾರು ಯಾವ ಕಡೆ, ಅಷ್ಟೇ ವಿಷಯ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಿ ಅಂಡ್ ಡಿ ಹೊರತಂದಾಗಲೂ ಇದೇ ಮೂರು ಪಟ್ಟಿ ಇತ್ತು. ಅದರಲ್ಲಿ ಓರ್ಕ್‌ಗಳ ಹೆಸರು ನ್ಯೂಟ್ರಲ್ ಪಟ್ಟಿಯಲ್ಲೂ ಇದೆ, ಕೇಯಾಸ್ ಪಟ್ಟಿಯಲ್ಲೂ ಇದೆ! ಅಂದರೆ ಓರ್ಕ್ ಅಂದ ಮಾತ್ರಕ್ಕೆ ಎದುರು ಪಕ್ಷದವನು ಅಂತ ಮೊದಲ ಪುಸ್ತಕವೇ ಹೇಳಿರಲಿಲ್ಲ.

ಆಮೇಲೆ ಬೇಗಬೇಗ ಬದಲಾಯಿತು. 1976ರಲ್ಲಿ ಗೈಗ್ಯಾಕ್ಸ್ ಒಂದು ಲೇಖನ ಬರೆದು ಗುಡ್ (ಒಳ್ಳೆಯದು) ಮತ್ತು ಈವಿಲ್ (ಕೆಟ್ಟದ್ದು) ಅನ್ನುವ ಇನ್ನೊಂದು ಅಳತೆ ಸೇರಿಸಿದರು. ಆಟದ ಜೀವಿಗಳನ್ನು ಪಟ್ಟಿ ಮಾಡಿದ 1977ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ಪ್ರತಿ ಜೀವಿಯ ಪಕ್ಕ ಅದರ ಅಲೈನ್‌ಮೆಂಟ್ ಅಚ್ಚಾಯಿತು. 1978ರ ಹೊತ್ತಿಗೆ ಎರಡೂ ಅಳತೆ ಕೂಡಿಸಿದ ಒಂಬತ್ತು ಮನೆಯ ಕೋಷ್ಟಕ ಗಟ್ಟಿಯಾಯಿತು. ಯಾವ ಕಡೆ ಅನ್ನುವುದು ಎಂಥವನು ಅನ್ನುವುದಾಗಿ ಬದಲಾಗಿದ್ದು ಈ ನಾಲ್ಕು ವರ್ಷದಲ್ಲಿ. ಇನ್ನೊಂದು ಸಂಗತಿ ನೋಡಿ. 1977ರಲ್ಲಿ ಓರ್ಕ್ ಲಾಫುಲ್ ಈವಿಲ್, ಅಂದರೆ ಕೆಟ್ಟವನಾದರೂ ಶಿಸ್ತಿನವನು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಅದೇ ಓರ್ಕ್ ಕೇಯಾಟಿಕ್ ಈವಿಲ್, ಶಿಸ್ತಿಗೂ ಅವನಿಗೂ ಆಗಿಬರುವುದಿಲ್ಲ. ಹುಟ್ಟುಗುಣ ಅಂತ ನಾವು ಇಷ್ಟು ಜೋರಾಗಿ ವಾದಿಸುವುದನ್ನು ಆವೃತ್ತಿಯಿಂದ ಆವೃತ್ತಿಗೆ ತಿರುಗಿಸಿ ಬರೆದಿದ್ದಾರೆ.

ಆದರೆ ನಿಯಮದ ಪುಸ್ತಕ ಹೀಗೆ ಕಟ್ಟುನಿಟ್ಟಾಗುತ್ತಿದ್ದ ಅದೇ 1978ರಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ದೈತ್ಯರ ಮೇಲೆ ಮೂರು ತೆಳು ಸಾಹಸ ಪುಸ್ತಿಕೆಗಳು ಬಂದವು, ಬರೆದವರು ಗೈಗ್ಯಾಕ್ಸ್ ಅವರೇ. ಬೆಟ್ಟದ ದೈತ್ಯರು ಇದ್ದಕ್ಕಿದ್ದಂತೆ ಊರೂರಿಗೆ ನುಗ್ಗುತ್ತಿದ್ದಾರೆ. ಹಿಂದೆ ಯಾವತ್ತೂ ಒಗ್ಗೂಡದ ಬೇರೆ ಬೇರೆ ಜಾತಿಯ ದೈತ್ಯರು ಈಗ ಒಟ್ಟಾಗಿದ್ದಾರೆ. ಇವರ ಹಿಂದೆ ಯಾರಿದ್ದಾರೆ ಅಂತ ಪತ್ತೆ ಮಾಡುವುದು ಆಟಗಾರರ ಕೆಲಸ. ಮೊದಲ ಪುಸ್ತಿಕೆಯಲ್ಲಿ, ಮೇಲಿನ ಹಜಾರದಲ್ಲಿ ಬೆಟ್ಟದ ದೈತ್ಯರ ನಾಯಕ ನೋಸ್ನ್ರಾನ ಔತಣ ನಡೆಯುತ್ತಿರುತ್ತದೆ. ಕೆಳಗೆ ನೆಲಮಾಳಿಗೆಗೆ ಇಳಿದರೆ ಅಲ್ಲಿ ದೈತ್ಯರ ಜೀತಕ್ಕಿದ್ದ ಓರ್ಕ್‌ಗಳು ದಂಗೆ ಎದ್ದು, ಒಂದು ಭಾಗವನ್ನು ಹಿಡಿದುಕೊಂಡು ಕೂತಿದ್ದಾರೆ. ಪುಸ್ತಕದ ಲೆಕ್ಕದಲ್ಲಿ ಇವರೂ ಕೆಟ್ಟವರೇ. ಆದರೆ ಆ ಕತ್ತಲ ಮಾಳಿಗೆಯಲ್ಲಿ ಅವರ ಸಿಟ್ಟು ನಿಮ್ಮ ಮೇಲಲ್ಲ, ಮೇಲೆ ಹೊಟ್ಟೆ ತುಂಬ ಉಣ್ಣುತ್ತಿರುವ ಧಣಿಗಳ ಮೇಲೆ. ಇದನ್ನು ಗಮನಿಸಿದ ಗುಂಪಿಗೆ ಅಲ್ಲಿ ಕತ್ತಿಗಿಂತ ಮಾತು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೂರನೇ ಪುಸ್ತಿಕೆಯಲ್ಲಿ, ಬೆಂಕಿ ದೈತ್ಯರ ರಾಜನ ಅರಮನೆಯ ಕೆಳಗೆ, ನಿಜವಾದ ಕೈ ಕಾಣುತ್ತದೆ. ದೈತ್ಯರನ್ನು ಆಡಿಸುತ್ತಿರುವುದು ನೆಲದಡಿಯಲ್ಲಿ ಬದುಕುವ ಡ್ರೌ ಎಲ್ಫ್‌ಗಳು. ಅವರ ಮುಂದಾಳು ಎಕ್ಲಾವ್‌ಡ್ರಾ, ಐಲ್‌ಸರ್ವ್ಸ್ ಮನೆತನದ ಪೂಜಾರಿಣಿ. ಇವಳಿಗೆ ಏನು ಬೇಕು? ಡ್ರೌಗಳ ಊರಲ್ಲಿ ಎಲ್ಲ ಮನೆತನಗಳ ಮೇಲೂ ತನ್ನ ಮನೆತನ ಇರಬೇಕು, ತಾನು ರಾಣಿಯಾಗಬೇಕು. ಜೇಡದ ದೇವತೆ ಲೋಲ್ತ್‌ಳ ಪೂಜಾರಿಣಿಯರು ಒಪ್ಪಲಿಲ್ಲ, ಉಳಿದ ಮನೆತನಗಳೂ ಒಪ್ಪಲಿಲ್ಲ. ಆಗ ಐಲ್‌ಸರ್ವ್ಸ್ ಮನೆತನ ಲೋಲ್ತ್‌ಳನ್ನೇ ಬಿಟ್ಟು ಇನ್ನೊಂದು ಹಳೆಯ ದೇವರ ಕಡೆ ಹೊರಳಿತು. ಮೇಲಿನ ಲೋಕದಲ್ಲಿ ದೈತ್ಯರಿಂದ ಯುದ್ಧ ಮಾಡಿಸುವುದು ಕೆಳಗೆ ತನ್ನ ಬಲ ಹೆಚ್ಚಿಸಿಕೊಳ್ಳುವುದಕ್ಕೆ. ಸುಟ್ಟುಹೋದ ಊರುಗಳಿಗೂ ಅವಳಿಗೂ ಯಾವ ವೈರವೂ ಇಲ್ಲ. ಅವಳ ಜಗಳ ಅವಳ ಊರಿನವರ ಜೊತೆ.

ಎಷ್ಟು ಪದರ ಇದೆ ನೋಡಿ. ಓರ್ಕ್‌ಗಳು ದೈತ್ಯರ ವಿರುದ್ಧ, ದೈತ್ಯರು ಡ್ರೌಗಳ ಮಾತಿನ ಮೇಲೆ, ಡ್ರೌಗಳಲ್ಲೇ ಎರಡು ದೇವರ ನಡುವೆ ಒಡಕು. ಎಲ್ಲರಿಗೂ ಕೋಷ್ಟಕದಲ್ಲಿ ಈವಿಲ್ ಅನ್ನುವ ಒಂದೇ ಮುದ್ರೆ. ಆದರೆ ಆ ಮುದ್ರೆಯಿಂದ ಈ ಕತೆಯ ಒಂದೇ ಒಂದು ತಿರುವೂ ಹುಟ್ಟಿಲ್ಲ. ಎಲ್ಲ ಹುಟ್ಟಿರುವುದು ಯಾರಿಗೆ ಯಾರ ಋಣ, ಯಾರಿಗೆ ಯಾರ ಮೇಲೆ ಹಗೆ ಅನ್ನುವುದರಿಂದ. ಉಪ್ಪಿನ ಋಣಕ್ಕೆ ಕೌರವನ ಕಡೆ ನಿಂತ ಕರ್ಣನ ಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಬೇಸರದ ಸಂಗತಿ ಅಂದರೆ ಈ ಎಳೆ ಮುಂದಕ್ಕೆ ಬರಲಿಲ್ಲ. 1980ರಲ್ಲಿ, ಈ ಪುಸ್ತಿಕೆಗಳಿಂದ ಮುಂದುವರಿದ ಸರಣಿಯ ಕೊನೆಯ ಪುಸ್ತಕ ಆಟಗಾರರನ್ನು ನೇರವಾಗಿ ಲೋಲ್ತ್‌ಳ ಲೋಕಕ್ಕೇ ಕಳಿಸಿತು. ಮನೆತನಗಳ ಒಡಕು ಹಿಂದೆ ಸರಿಯಿತು. ಮುಂದೆ ಡ್ರೌ ಅಂದರೆ ಲೋಲ್ತ್, ಲೋಲ್ತ್ ಅಂದರೆ ಡ್ರೌ ಅಂತಾಯಿತು. 1988ರಲ್ಲಿ ಆರ್. ಎ. ಸಾಲ್ವಟೋರ್ ಅವರ ಕಾದಂಬರಿಯಲ್ಲಿ ಡ್ರಿಜ್ಟ್ ಅನ್ನುವ ಡ್ರೌ ನಾಯಕ ಬಂದು ಮನೆಮಾತಾದ. ಒಳ್ಳೆಯ ಪಾತ್ರ. ಆದರೆ ಅವನು ತನ್ನ ಜನರನ್ನು ಬಿಟ್ಟು ಹೊರಟ ಒಳ್ಳೆಯವನು. ಅವನಿಂದಾಗಿ ಉಳಿದ ಡ್ರೌಗಳು ಇನ್ನಷ್ಟು ಕೆಟ್ಟವರಾಗಿ ಕಂಡರು.

ನಡುವೆ 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ರೇವನ್‌ಲಾಫ್ಟ್ ಅನ್ನುವ ಸಾಹಸ ಪುಸ್ತಿಕೆ ತಂದರು. ಡಂಜನ್‌ನ ಯಾವುದೋ ಕೋಣೆಯಲ್ಲಿ ಸುಮ್ನೆ ಕೂತ ಒಂದು ವ್ಯಾಂಪೈರ್ ಎದುರಾದಾಗ, ಇವನು ಇಲ್ಲಿ ಯಾಕಿದ್ದಾನೆ ಅಂತ ಟ್ರೇಸಿ ಅವರಿಗೆ ಅನಿಸಿತಂತೆ. ಅದರ ಉತ್ತರವೇ ಸ್ಟ್ರಾಡ್. ತಮ್ಮನ ಹೆಂಡತಿಯಾಗಬೇಕಿದ್ದ ಟಟಿಯಾನಾಳ ಮೇಲೆ ಆಸೆಪಟ್ಟು ತಮ್ಮನನ್ನೇ ಕೊಂದವನು. ಆ ಸಾಹಸದಲ್ಲಿ ಸ್ಟ್ರಾಡ್‌ನ ಗುರಿ ಏನು ಅನ್ನುವುದನ್ನು ಆಟದ ಶುರುವಿನಲ್ಲಿ ಇಸ್ಪೀಟಿನ ಎಲೆ ತೆಗೆದು ತೀರ್ಮಾನಿಸಬೇಕಿತ್ತು. ಒಂದು ಗುಂಪಿಗೆ ಅವನು ಪ್ರೀತಿಗೆ ಹಂಬಲಿಸುವವನು, ಇನ್ನೊಂದು ಗುಂಪಿಗೆ ಬೇರೇನನ್ನೋ ಹುಡುಕುವವನು. ಖಳನ ಆಸೆ ಬದಲಾದರೆ ಇಡೀ ಕೋಟೆಯ ಕತೆ ಬದಲಾಗುತ್ತದೆ ಅಂತ ಆಟದ ಒಳಗೇ ತೋರಿಸಿದ ಪುಸ್ತಕ ಅದು.

ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಅನ್ನುವ ಗುಲ್ಲು ಎದ್ದಿತು. ಅದರ ಬಿಸಿ 1989ರ ಎರಡನೇ ಆವೃತ್ತಿಗೆ ತಟ್ಟಿತು. ಡೆಮನ್, ಡೆವಿಲ್ ಅನ್ನುವ ಹೆಸರುಗಳು ಹೋದವು. ಅವೇ ಜೀವಿಗಳು ಆಮೇಲೆ ಟನಾರಿ, ಬಾಟೆಜು ಅನ್ನುವ ಹೊಸ ಹೆಸರಿನಲ್ಲಿ ವಾಪಸ್ ಬಂದವು. ಜೊತೆಗೆ ಒಂದು ಒಳ್ಳೆಯ ಯೋಚನೆಯೂ ಬಂತು: ಬ್ಲಡ್ ವಾರ್. ಎರಡೂ ಕಡೆ ಕೆಟ್ಟವರೇ, ಆದರೂ ಅವರವರಲ್ಲೇ ಕೊನೆಯಿಲ್ಲದ ಯುದ್ಧ. ಕಟ್ಟಳೆ ಪಾಲಿಸುವ ಕೆಟ್ಟವರಿಗೂ ಕಟ್ಟಳೆ ಮುರಿಯುವ ಕೆಟ್ಟವರಿಗೂ ಆಗುವುದಿಲ್ಲ. 1994ರಲ್ಲಿ ಬಂದ ಪ್ಲೇನ್‌ಸ್ಕೇಪ್ ಅನ್ನುವ ಆಟದ ಲೋಕ ಇದನ್ನು ಬಳಸಿಕೊಂಡಿತು. ಹೆಸರು ಕಿತ್ತುಕೊಂಡಾಗ ಬರಹಗಾರರು ಹಗೆತನ ಬರೆದರು. ಪುಟ ಖಾಲಿ ಬಿಡಲಿಲ್ಲ.

2002ರಲ್ಲಿ ಆಟಕ್ಕೆ ಹೊಸ ಲೋಕ ಬೇಕು ಅಂತ ಅದನ್ನು ಪ್ರಕಟಿಸುವ ಕಂಪನಿ ಬಹಿರಂಗ ಆಹ್ವಾನ ಕೊಟ್ಟಾಗ 11,000ಕ್ಕೂ ಹೆಚ್ಚು ಪ್ರಸ್ತಾಪ ಬಂದವು. ಗೆದ್ದದ್ದು ಕೀತ್ ಬೇಕರ್ ಅವರ ಎಬೆರಾನ್, 2004ರಲ್ಲಿ ಪುಸ್ತಕವಾಯಿತು. ಅಲ್ಲಿ ಡ್ರ್ಯಾಗನ್ನಿನ ಬಣ್ಣ ನೋಡಿ ಅದರ ಬುದ್ಧಿ ಹೇಳಲಾಗದು. ಗಾಬ್ಲಿನ್‌ಗಳಿಗೆ ಒಂದು ಕಾಲದಲ್ಲಿ ದೊಡ್ಡ ಸಾಮ್ರಾಜ್ಯ ಇತ್ತು, ಅದರ ನೆನಪು ಇನ್ನೂ ಇದೆ. ಓರ್ಕ್‌ಗಳಲ್ಲಿ ಗೇಟ್‌ಕೀಪರ್ಸ್ ಅನ್ನುವ ಪಂಗಡ ಹೊರಲೋಕದ ಭಯಾನಕ ಜೀವಿಗಳನ್ನು ಸಾವಿರಾರು ವರ್ಷ ತಡೆಹಿಡಿದಿದೆ. ಯಾರನ್ನೂ ತೆಗೆದು ಹಾಕಲಿಲ್ಲ, ಪ್ರತಿಯೊಬ್ಬರಿಗೂ ಒಂದು ಇತಿಹಾಸ, ಒಂದು ನಿಷ್ಠೆ ಕೊಟ್ಟರು. ಈ ಜಗಳಕ್ಕೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು ಅಂತ ನನ್ನ ನಂಬಿಕೆ.

ಹೊಸ ಜಗಳ ಹೊತ್ತಿದ್ದು 2020ರ ಜೂನ್‌ನಲ್ಲಿ. ಅಮೆರಿಕದಲ್ಲಿ ಬಣ್ಣಭೇದದ ವಿರುದ್ಧ ಜನ ಬೀದಿಗಿಳಿದ ಕಾಲ ಅದು. ಓರ್ಕ್, ಡ್ರೌಗಳನ್ನು ಉಳಿದ ಜನರಷ್ಟೇ ಸಂಕೀರ್ಣವಾಗಿ ತೋರಿಸುತ್ತೇವೆ ಅಂತ ಪ್ರಕಾಶಕರು ಹೇಳಿಕೆ ಕೊಟ್ಟರು. ಒಂದು ಇಡೀ ಜನಾಂಗ ಹುಟ್ಟಿನಿಂದ ದಡ್ಡ, ಕ್ರೂರಿ ಅಂತ ಬರೆಯುವ ರೀತಿ ನಿಜ ಲೋಕದ ದ್ವೇಷದ ಮಾತಿನ ಹಾಗೇ ಕೇಳುತ್ತದೆ ಅನ್ನುವ ದೂರು ಹಳೆಯದು, ಮತ್ತು ಸರಿಯಾದದ್ದೇ. ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ ವೈಲ್ಡ್‌ಮೌಂಟ್ ಪುಸ್ತಕದಲ್ಲಿ ಲೋಲ್ತ್‌ಳನ್ನು ಬಿಟ್ಟು ಬೆಳಕಿನ ದೈವವನ್ನು ಪೂಜಿಸುವ ಡ್ರೌಗಳ ರಾಜ್ಯ ಇದೆ. ಪಕ್ಕದ ಸಾಮ್ರಾಜ್ಯದ ಜೊತೆ ಅದಕ್ಕೆ ಯುದ್ಧ, ಯಾರು ಸರಿ ಅಂತ ಸುಲಭಕ್ಕೆ ಹೇಳಲಾಗದ ಯುದ್ಧ. ಆದರೆ 2021ರ ಡಿಸೆಂಬರ್‌ನಲ್ಲಿ ಆಗಿದ್ದು ಬೇರೆ. ಹಳೆಯ ಒಂದು ಪುಸ್ತಕದಿಂದ ಓರ್ಕ್, ಮೆದುಳು ತಿನ್ನುವ ಮೈಂಡ್ ಫ್ಲೇಯರ್, ಹಲವು ಕಣ್ಣಿನ ಬಿಹೋಲ್ಡರ್‌ಗಳ ಬದುಕು, ಮನಸ್ಸಿನ ಬಗ್ಗೆ ಇದ್ದ ಭಾಗಗಳನ್ನು ತಿದ್ದುಪಡಿಯಲ್ಲಿ ತೆಗೆದರು. ತೆಗೆದ ಜಾಗಕ್ಕೆ ಹೊಸದು ಬರಲಿಲ್ಲ. ಎರಡೂ ಗುಂಪುಗಳ ಸಿಟ್ಟು ಒಟ್ಟಿಗೆ ಏರಿದ್ದು ಅಲ್ಲಿ.

2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಓರ್ಕ್ ಆಟಗಾರರು ಆರಿಸಿಕೊಳ್ಳಬಹುದಾದ ಪಾತ್ರ. 2025ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ಓರ್ಕ್‌ಗೂ ಡ್ರೌಗೂ ಬೇರೆ ಪುಟಗಳೇ ಇಲ್ಲ. ಯೋಧ, ಪುಂಡ, ಪೂಜಾರಿ ಅನ್ನುವ ಸಾಮಾನ್ಯ ಪುಟಗಳನ್ನೇ ಎಲ್ಲರಿಗೂ ಬಳಸಿಕೊಳ್ಳಬೇಕು. ಗಾಬ್ಲಿನ್‌ಗಳು ಫೇ (ಮಾಯಾಲೋಕದ ಜೀವಿ) ಆದವು, ಕತ್ತೆಕಿರುಬದ ಮುಖದ ನೋಲ್‌ಗಳು ಫೀಂಡ್ (ಪಿಶಾಚಿ) ಆದವು, ಅಂದರೆ ಮನುಷ್ಯರ ಸಾಲಿನಿಂದ ಹೊರಗೆ ಹೋದವು. ಕೊಲ್ಲುವಾಗ ಮನಸ್ಸಿಗೆ ಚುಚ್ಚಬಾರದು ಅನ್ನುವುದಕ್ಕೆ ಇದೊಂದು ದಾರಿ. ಆದರೆ ನೋಸ್ನ್ರಾನ ಮಾಳಿಗೆಯಂಥ ಜಾಗಕ್ಕೆ ಹೊಸ ಡಿಎಂ ತನ್ನ ಗುಂಪನ್ನು ಇಳಿಸಿದಾಗ, ಎದುರಿಗಿರುವ ಪುಂಡನಿಗೆ ಎಷ್ಟು ಜೀವ, ಎಷ್ಟು ಏಟು ಅಂತ ಪುಟ ಹೇಳುತ್ತದೆ. ಅವನು ಯಾರ ಜೀತದಲ್ಲಿದ್ದಾನೆ, ಯಾರ ಮೇಲೆ ಸಿಟ್ಟಿದೆ, ಏನು ಕೊಟ್ಟರೆ ನಿಮ್ಮ ಕಡೆ ಬರುತ್ತಾನೆ ಅನ್ನುವುದನ್ನು ಡಿಎಂ ತಾನೇ ಬರೆದುಕೊಳ್ಳಬೇಕು.