ಬುಷ್‌ರೇಂಜರ್ ಅಂದರೆ ಯಾರು?

2009ರಲ್ಲಿ ಭಾರತದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಟ್ವೆಂಟಿ20 ನೋಡಿದವರಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ತಂಡ ನೆನಪಿರಬಹುದು. ಆಗ ಆ ತಂಡದ ಅಡ್ಡಹೆಸರು 'ಬುಷ್‌ರೇಂಜರ್ಸ್'. 2018ರಲ್ಲಿ ಆ ಹೆಸರನ್ನು ಕೈಬಿಟ್ಟರು. ಒಂದು ರಾಜ್ಯ ತನ್ನ ಕ್ರಿಕೆಟ್ ತಂಡಕ್ಕೆ ದಾರಿಗಳ್ಳರ ಹೆಸರು ಇಟ್ಟುಕೊಂಡಿತ್ತು ಅಂದರೆ, ಆ ಪದದಲ್ಲಿ ಕಳ್ಳತನಕ್ಕಿಂತ ಜಾಸ್ತಿ ಏನೋ ಇರಬೇಕು, ಅಲ್ವಾ?

ಕನ್ನಡಕ್ಕೆ ತರುವಾಗ ಇದನ್ನು 'ಕಾಡುಗಳ್ಳ' ಅಂದುಬಿಡುವ ಆಸೆ ಆಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ನಮ್ಮಲ್ಲಿ ಕಾಡುಗಳ್ಳ ಅಂದರೆ ಕಾಡನ್ನೇ ಕದಿಯುವವನು. ಗಂಧದ ಮರ ಕಡಿಯುತ್ತಾನೆ, ದಂತಕ್ಕಾಗಿ ಆನೆ ಹೊಡೆಯುತ್ತಾನೆ. ಬುಷ್‌ರೇಂಜರ್ ಕಾಡಿನಿಂದ ಏನನ್ನೂ ಕದಿಯುತ್ತಿರಲಿಲ್ಲ. ಕಾಡು ಅವನಿಗೆ ಅಡಗುವ ಜಾಗ. ಕದಿಯುತ್ತಿದ್ದದ್ದು ರಸ್ತೆಯಲ್ಲಿ, ಹೊಲದ ಮನೆಯಲ್ಲಿ, ಬ್ಯಾಂಕಿನಲ್ಲಿ. ಇನ್ನು ಮಲೆನಾಡಿನವರಿಗೆ 'ರೇಂಜರ್' ಅಂದರೆ ಜೀಪಿನಲ್ಲಿ ಬರುವ ಅರಣ್ಯ ಇಲಾಖೆಯ ಅಧಿಕಾರಿ, ಕಾಡುಗಳ್ಳನನ್ನು ಹಿಡಿಯುವವನು. ಹಾಗಾಗಿ ಈ ಪದವನ್ನು ಬಿಡಿಸಿಯೇ ನೋಡಬೇಕು.

'ಬುಷ್' ಅಂದರೆ ಪೊದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆಸ್ಟ್ರೇಲಿಯಾದಲ್ಲಿ ಅದರ ಅರ್ಥ ಬೇರೆ. ಊರು ಮುಗಿದ ಮೇಲೆ ಶುರುವಾಗುವುದೆಲ್ಲ ಬುಷ್. ನೀಲಗಿರಿ ಮರಗಳ ಕಾಡು, ಕುರುಚಲು, ಗುಡ್ಡ, ಬಯಲು ಎಲ್ಲವೂ ಸೇರಿ. 'ರೇಂಜ್' ಅಂದರೆ ಸುತ್ತುವುದು, ಅಲೆಯುವುದು. ಬುಷ್‌ರೇಂಜರ್ ಅಂದರೆ ಊರಾಚೆ ಅಲೆಯುವವನು. ಪದದೊಳಗೆ ಕಳ್ಳ ಇಲ್ಲವೇ ಇಲ್ಲ. ಕಾಡಿನ ದಾರಿ ಬಲ್ಲವನಿಗೂ ಮೊದಮೊದಲು ಹೀಗೆ ಅನ್ನುತ್ತಿದ್ದರು.

ಕಳ್ಳನ ಅರ್ಥ ಬೇಗನೇ ಸೇರಿಕೊಂಡಿತು. 1805ರ ಫೆಬ್ರವರಿಯಲ್ಲಿ 'ಸಿಡ್ನಿ ಗೆಜೆಟ್' ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಹೋಗುತ್ತಿದ್ದ ಗಾಡಿಯನ್ನು ಮೂವರು ತಡೆದರು, ಅವರ ವೇಷ ನೋಡಿದರೆ ಬುಷ್‌ರೇಂಜರ್‌ಗಳೇ ಇರಬೇಕು ಅನ್ನಿಸುತ್ತದೆ ಅಂತ. ಪದವನ್ನು ವಿವರಿಸುವ ಗೋಜಿಗೆ ಪತ್ರಿಕೆ ಹೋಗಿಲ್ಲ. ಓದುಗರಿಗೆ ಅಷ್ಟು ಹೊತ್ತಿಗೆ ಅದು ಬಾಯಿಮಾತಾಗಿತ್ತು.

ಯಾಕೆ ಅಷ್ಟು ಬೇಗ? ಸಿಡ್ನಿ ಹುಟ್ಟಿದ್ದೇ ಜೈಲಾಗಿ. 1788ರ ಜನವರಿಯಲ್ಲಿ 11 ಹಡಗುಗಳು ಬ್ರಿಟನ್ನಿನ ಕೈದಿಗಳನ್ನು ತಂದು ಇಳಿಸಿದವು. ಆ ಜೈಲಿಗೆ ಸುತ್ತುಗೋಡೆ ಇರಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬುಷ್. ಓಡಿಹೋಗುವುದು ಸುಲಭ, ಓಡಿಹೋಗಿ ಬದುಕುವುದು ಕಷ್ಟ. ಉತ್ತರಕ್ಕೆ ನಡೆದರೆ ಚೀನಾ ಸಿಗುತ್ತದೆ ಅಂತ ನಂಬಿ 1791ರಲ್ಲಿ ಕೆಲವು ಐರಿಷ್ ಕೈದಿಗಳು ಹೊರಟೇಬಿಟ್ಟರು. ತಾವು ಭೂಮಿಯ ಯಾವ ಮೂಲೆಯಲ್ಲಿದ್ದೇವೆ ಅನ್ನುವುದೇ ಆ ಜನಕ್ಕೆ ಗೊತ್ತಿರಲಿಲ್ಲ.

ಮೊದಲ ಬುಷ್‌ರೇಂಜರ್ ಅಂತ ಸಾಮಾನ್ಯವಾಗಿ ಹೆಸರಿಸುವುದು ಜಾನ್ ಸೀಸರ್‌ನನ್ನು. ಕಪ್ಪು ಬಣ್ಣದ ದೊಡ್ಡ ಆಳು, ಜನ 'ಬ್ಲ್ಯಾಕ್ ಸೀಸರ್' ಅನ್ನುತ್ತಿದ್ದರು. ಎರಡು ದಿನದ ಪಡಿಯನ್ನು ಇವನು ಒಂದೇ ದಿನ ತಿಂದುಬಿಡಬಲ್ಲ ಅಂತ ಅಲ್ಲಿನ ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್ ಬರೆದಿಟ್ಟಿದ್ದಾರೆ. ಪಡಿಯನ್ನು ಅಳೆದು ಕೊಡುತ್ತಿದ್ದ ವಸಾಹತಿನಲ್ಲಿ ಅಷ್ಟು ದೊಡ್ಡ ಮೈಗೆ ಹೊಟ್ಟೆ ತುಂಬುವುದು ಹೇಗೆ? ಮತ್ತೆ ಮತ್ತೆ ಓಡಿಹೋದ, ತೋಟಗಳಿಂದ ಕದ್ದ. ಕೊನೆಗೆ ಗವರ್ನರ್ ಹಂಟರ್ ಅವನ ತಲೆಗೆ 5 ಗ್ಯಾಲನ್ ಮದ್ಯದ ಬಹುಮಾನ ಕಟ್ಟಿದರು. 1796ರ ಫೆಬ್ರವರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಒಂದು ಜೀವಕ್ಕೆ ಕಟ್ಟಿದ ಬೆಲೆ ಸುಮಾರು 20 ಲೀಟರ್ ಮದ್ಯ.

ಹಸಿವಿನ ಈ ಕತೆ ದಕ್ಷಿಣದ ದ್ವೀಪದಲ್ಲಿ ಇನ್ನೂ ದೊಡ್ಡದಾಯಿತು. ಈಗಿನ ಟ್ಯಾಸ್ಮೇನಿಯಾಕ್ಕೆ ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಅಂತ ಹೆಸರು. 1804ರಲ್ಲಿ ಹೋಬಾರ್ಟ್ ಊರು ಕಟ್ಟಿದಾಗ ತಿನ್ನಲು ಸಾಕಷ್ಟು ಇರಲಿಲ್ಲ. ಅಧಿಕಾರಿಗಳು ಕೈದಿಗಳ ಕೈಗೇ ಬಂದೂಕು, ಬೇಟೆನಾಯಿ ಕೊಟ್ಟು ಕಾಂಗರೂ ಹೊಡೆದು ತನ್ನಿ ಅಂದರು. ಹೋದವರು ಕಾಡು ಕಲಿತರು. ಯಾವ ಹೊಳೆ ಎಲ್ಲಿ ದಾಟಬಹುದು, ಕಾಂಗರೂ ತೊಗಲಿನಲ್ಲಿ ಬಟ್ಟೆ ಹೊಲಿಯುವುದು ಹೇಗೆ ಅನ್ನುವುದೆಲ್ಲ ಗೊತ್ತಾಯಿತು. ಆಮೇಲೆ ಕೆಲವರು ವಾಪಸ್ ಬರಲೇ ಇಲ್ಲ. ಕಲಿಸಿದ್ದೂ ಸರ್ಕಾರವೇ, ಬಂದೂಕು ಕೊಟ್ಟದ್ದೂ ಸರ್ಕಾರವೇ. ಬುಷ್‌ರೇಂಜರ್ ಹುಟ್ಟಿದ ಬಗೆ ಅರ್ಥ ಆಗಬೇಕಾದರೆ ಇದೊಂದು ವಿಷಯ ಮರೆಯಬಾರದು.

ಅವರಲ್ಲಿ ಮೈಕೆಲ್ ಹೋವ್ ತನ್ನನ್ನು ತಾನೇ ಕಾಡಿನ ಲೆಫ್ಟಿನೆಂಟ್ ಗವರ್ನರ್ ಅಂತ ಕರೆದುಕೊಂಡು ನಿಜವಾದ ಗವರ್ನರ್‌ಗೆ ಸಮಸಮವಾಗಿ ಪತ್ರ ಬರೆದ. ತನಗೆ ಬಿದ್ದ ಕನಸುಗಳನ್ನು ಕಾಂಗರೂ ತೊಗಲಿನ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದನಂತೆ. 1818ರ ಅಕ್ಟೋಬರ್‌ನಲ್ಲಿ ಹೊಡೆದು ಕೊಂದರು. ಮ್ಯಾಥ್ಯೂ ಬ್ರೇಡಿ ಇನ್ನೊಬ್ಬ. 1824ರಲ್ಲಿ ಮ್ಯಾಕ್ವಾರಿ ಹಾರ್ಬರ್‌ನ ಕ್ರೂರ ಜೈಲಿನಿಂದ ಗೆಳೆಯರ ಜೊತೆ ದೋಣಿ ಕದ್ದು ಬಂದವನು. ಗವರ್ನರ್ ಆರ್ಥರ್ ಇವನ ತಲೆಗೆ ಬಹುಮಾನ ಸಾರಿದಾಗ ಇವನು ಒಂದು ಹೋಟೆಲಿನ ಬಾಗಿಲಿಗೆ ತನ್ನದೇ ಚೀಟಿ ಅಂಟಿಸಿದ. ಆರ್ಥರ್ ಎಂಬ ವ್ಯಕ್ತಿಯನ್ನು ಹಿಡಿದು ತಂದುಕೊಟ್ಟವರಿಗೆ 20 ಗ್ಯಾಲನ್ ರಮ್ ಅಂತ. ಹೆಂಗಸರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದನೆಂದು ಅವನಿಗೆ ಹೆಸರಿತ್ತು. 1826ರ ಮೇ 4ರಂದು ಗಲ್ಲಿಗೇರುವ ಮುಂಚೆ ಅವನ ಸೆರೆಕೋಣೆಗೆ ಜನ ಹೂವು, ಹಣ್ಣು, ಕೇಕು ಕಳಿಸಿದರು. ಬುಷ್‌ರೇಂಜರ್ ಅನ್ನುವ ಪದಕ್ಕೆ 'ವೀರ' ಅನ್ನುವ ಬಣ್ಣ ಬಂದದ್ದು ಇಲ್ಲಿಂದ.

ಇವರ ಬಾಯಲ್ಲಿದ್ದ ಒಂದು ಮಾತು ನನಗೆ ತುಂಬಾ ಇಷ್ಟ. ದಾರಿ ಅಡ್ಡಗಟ್ಟಿದಾಗ ಇವರು ಕೂಗುತ್ತಿದ್ದದ್ದು 'ಬೇಲ್ ಅಪ್!' ಅಂತ. ಹಾಲು ಕರೆಯುವಾಗ ಹಸು ಅಲುಗಾಡದಂತೆ ಅದರ ಕತ್ತನ್ನು ಮರದ ಚೌಕಟ್ಟಿನಲ್ಲಿ ಸಿಕ್ಕಿಸುತ್ತಾರಲ್ಲ, ಆ ಚೌಕಟ್ಟಿನ ಹೆಸರು ಬೇಲ್. ಹಸುವನ್ನು ಅದರೊಳಗೆ ನಿಲ್ಲಿಸುವುದು 'ಬೇಲ್ ಅಪ್'. ಕೊಟ್ಟಿಗೆಯ ಈ ಮಾತು ಪಿಸ್ತೂಲಿನ ಜೊತೆ ರಸ್ತೆಗೆ ಬಂತು. ಅಲುಗಬೇಡ, ಕೈ ಎತ್ತಿ ನಿಲ್ಲು ಅಂತ ಅರ್ಥ. ಇವರು ದನದ ನಡುವೆ ಬೆಳೆದವರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1830ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಬುಷ್‌ರೇಂಜಿಂಗ್ ಕಾಯ್ದೆ ತಂತು. ವಾರಂಟ್ ಇಲ್ಲದೆ ಸಂಶಯದ ಮೇಲೆ ಯಾರನ್ನಾದರೂ ಹಿಡಿಯಬಹುದಿತ್ತು. ನಾನು ಓಡಿಬಂದ ಕೈದಿ ಅಲ್ಲ ಅಂತ ಹಿಡಿಸಿಕೊಂಡವನೇ ತೋರಿಸಿಕೊಡಬೇಕು.

1851ರಲ್ಲಿ ಚಿನ್ನ ಸಿಕ್ಕಿತು. ಆಗ ಪದದ ಅರ್ಥ ಮತ್ತೆ ತಿರುಗಿತು. ಓಡಿಬಂದ ಕೈದಿಗಳ ಜಾಗಕ್ಕೆ ಅಲ್ಲೇ ಹುಟ್ಟಿದ ಹುಡುಗರು ಬಂದರು. ಕುದುರೆ ಸವಾರಿಯಲ್ಲಿ ಪೊಲೀಸರಿಗಿಂತ ಪಳಗಿದವರು. 1862ರ ಜೂನ್ 15ರಂದು ಯುಗೌರಾ ಬಂಡೆಗಳ ಹತ್ತಿರ ಫ್ರಾಂಕ್ ಗಾರ್ಡಿನರ್‌ನ ಗುಂಪು ಸರ್ಕಾರದ ಚಿನ್ನದ ಗಾಡಿಯನ್ನೇ ಲೂಟಿ ಮಾಡಿತು. ಚಿನ್ನ, ನಗದು ಸೇರಿ ಸುಮಾರು 14,000 ಪೌಂಡ್. ಆ ಗುಂಪಿನಲ್ಲಿದ್ದ ಬೆನ್ ಹಾಲ್ ಮುಂದೆ ತಾನೇ ನಾಯಕನಾದ. 1863ರಲ್ಲಿ ಕನೌಂಡ್ರಾ ಅನ್ನುವ ಊರನ್ನು ಮೂರು ದಿನ ವಶಕ್ಕೆ ತೆಗೆದುಕೊಂಡು, ಊರವರನ್ನೆಲ್ಲ ಹೋಟೆಲಿನಲ್ಲಿ ಕೂಡಿಸಿ ಊಟ, ಕುಡಿತ, ಹಾಡು ಅಂತ ನಡೆಸಿದರು. ಖರ್ಚು ಗುಂಪಿನದೇ.

ಇಷ್ಟು ದಿನ ಸಿಕ್ಕಿಬೀಳದೆ ಉಳಿದದ್ದು ಹೇಗೆ? 'ಬುಷ್ ಟೆಲಿಗ್ರಾಫ್'ನಿಂದ. ಪೊಲೀಸರು ಎತ್ತ ಹೊರಟರು ಅಂತ ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಮುಟ್ಟಿಸುವ ಹುಡುಗರು, ಹೆಂಗಸರು, ನೆಂಟರು. ಕಂಬವಿಲ್ಲದ ತಂತಿ ಅದು. ಇದನ್ನು ಕಡಿಯಲಿಕ್ಕೇ 1865ರ ಕಾಯ್ದೆ ಬಂತು. 'ಔಟ್‌ಲಾ' ಅಂತ ಸಾರಿದವನನ್ನು ಯಾರು ಬೇಕಾದರೂ, ಶರಣಾಗು ಅಂತ ಒಂದು ಮಾತೂ ಹೇಳದೆ, ಗುಂಡಿಟ್ಟು ಕೊಲ್ಲಬಹುದು. ಆಶ್ರಯ ಕೊಟ್ಟವರಿಗೆ 15 ವರ್ಷದವರೆಗೆ ಸೆರೆ, ಆಸ್ತಿ ಮುಟ್ಟುಗೋಲು. ಔಟ್‌ಲಾ ಅಂದರೆ ಕಾನೂನು ಮುರಿದವನು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಇಲ್ಲಿ ಅರ್ಥ ಇನ್ನೂ ಕಠಿಣ. ಕಾನೂನು ಯಾರನ್ನು ಕಾಯುವುದನ್ನೇ ಬಿಟ್ಟಿದೆಯೋ ಅವನು. ಆ ವರ್ಷದ ಮೇ 5ರಂದು ಫೋರ್ಬ್ಸ್ ಊರಿನ ಹತ್ತಿರ ಬೆನ್ ಹಾಲ್ ಸತ್ತಾಗ ಅವನ ಮೈಯಲ್ಲಿ ಸುಮಾರು 30 ಗುಂಡುಗಳಿದ್ದವು.

ನೆಡ್ ಕೆಲ್ಲಿಯ ಹೆಸರು ಹೆಚ್ಚಿನವರು ಕೇಳಿರುತ್ತೀರಿ. ಐರಿಷ್ ಕೈದಿಯ ಮಗ. ಅವನ ಕತೆಯ ಬೇರು ಚಿನ್ನದಲ್ಲಿಲ್ಲ, ಜಮೀನಿನಲ್ಲಿದೆ. ಸಾವಿರಾರು ಎಕರೆ ಹಿಡಿದ ದೊಡ್ಡ ಜಮೀನುದಾರರು ಒಂದು ಕಡೆ, ಸರ್ಕಾರದಿಂದ ತುಂಡು ಜಮೀನು ಪಡೆದು ಕಂತು ಕಟ್ಟಲು ಒದ್ದಾಡುವ ಬಡ ರೈತರು ಇನ್ನೊಂದು ಕಡೆ. 1879ರಲ್ಲಿ ಜೆರಿಲ್ಡೆರಿ ಊರಿನ ಬ್ಯಾಂಕು ದೋಚಿದಾಗ ಅವನು ಅಚ್ಚು ಹಾಕಿಸಲು ಒಂದು ಉದ್ದನೆಯ ಪತ್ರ ತಂದಿದ್ದ. ಅದರ ತುಂಬಾ ಪೊಲೀಸರ ಮೇಲಿನ ಸಿಟ್ಟು.

ಅವನ ಉಕ್ಕಿನ ಕವಚವನ್ನು ಈಗ ಮೆಲ್ಬರ್ನ್‌ನ ಸ್ಟೇಟ್ ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಅದು ನೇಗಿಲಿನಲ್ಲಿ ಮಣ್ಣು ಮಗುಚುವ ಉಕ್ಕಿನ ತಗಡುಗಳಿಂದ ಮಾಡಿದ್ದು. ತೂಕ ಸುಮಾರು 44 ಕಿಲೋ. ತಲೆಗೆ ಕೊಳವೆಯಂಥ ಟೋಪಿ, ಕಣ್ಣಿಗೆ ಒಂದು ಸೀಳು. 1880ರ ಜೂನ್ 28ರ ಬೆಳಗಿನ ಜಾವ ಗ್ಲೆನ್‌ರೋವನ್‌ನಲ್ಲಿ ಮಂಜಿನೊಳಗಿಂದ ಅವನು ನಡೆದು ಬಂದಾಗ ಗುಂಡು ತಾಗಿದರೂ ಬೀಳದ್ದನ್ನು ನೋಡಿ ಪೊಲೀಸರು ಬೆಚ್ಚಿದರು. ಕಾಲಿಗೆ ಕವಚ ಇರಲಿಲ್ಲ. ಅಲ್ಲಿಗೇ ಹೊಡೆದು ಬೀಳಿಸಿದರು. ಕವಚದ ಕೆಳಗೆ ಹಸಿರು ರೇಷ್ಮೆಯ ಪಟ್ಟಿ ಸಿಕ್ಕಿತು. ಹುಡುಗನಾಗಿದ್ದಾಗ ನೀರಿಗೆ ಬಿದ್ದ ಇನ್ನೊಬ್ಬ ಹುಡುಗನನ್ನು ಕಾಪಾಡಿದ್ದಕ್ಕೆ ಆ ಮನೆಯವರು ಕೊಟ್ಟದ್ದು.

ಇಷ್ಟು ಓದಿದರೆ ಮನಸ್ಸು ಕರಗುತ್ತದೆ, ನನಗೂ ಕರಗುತ್ತದೆ. ಆದರೆ 1878ರ ಅಕ್ಟೋಬರ್‌ನಲ್ಲಿ ಸ್ಟ್ರಿಂಗಿಬಾರ್ಕ್ ಕ್ರೀಕ್‌ನಲ್ಲಿ ಅವನ ಗುಂಪು ಕೆನಡಿ, ಲೊನಿಗನ್, ಸ್ಕ್ಯಾನ್ಲನ್ ಎಂಬ ಮೂವರು ಪೊಲೀಸರನ್ನು ಕೊಂದಿತ್ತು. ಮೂವರೂ ಐರ್ಲೆಂಡಿನಲ್ಲಿ ಹುಟ್ಟಿದವರೇ. ಕೆನಡಿಗೂ ಲೊನಿಗನ್‌ಗೂ ಹೆಂಡತಿ, ಮಕ್ಕಳಿದ್ದರು. ಆ ಮನೆಗಳಲ್ಲಿ ಬುಷ್‌ರೇಂಜರ್ ಅಂದರೆ ಏನರ್ಥ ಇತ್ತು ಅನ್ನುವುದೂ ಪದದ ಅರ್ಥದೊಳಗೇ ಸೇರಬೇಕು.

ಇನ್ನೊಂದು ಅರ್ಥ ತುಂಬಾ ದಿನ ಮರೆಯಾಗಿತ್ತು. ಬಿಳಿಯರು ಬುಷ್ ಅಂದ ಜಾಗ ಮೂಲನಿವಾಸಿಗಳ ಮನೆ. ಅಲ್ಲಿ ಅವರು ಅಲೆಯುತ್ತಿರಲಿಲ್ಲ, ಬಾಳುತ್ತಿದ್ದರು. ಆ ನೆಲದ ಜ್ಞಾನ ಇಲ್ಲದೆ ಪೊಲೀಸರ ಕೆಲಸ ನಡೆಯುತ್ತಿರಲಿಲ್ಲ. ಬೆನ್ ಹಾಲ್‌ನ ಜಾಡು ಹಿಡಿದದ್ದು ಬಿಲ್ಲಿ ಡಾರ್ಗಿನ್ ಎಂಬ ಮೂಲನಿವಾಸಿ. ಕಳ್ಳರಿಗೂ ಅದೇ ಜ್ಞಾನ ಬೇಕಿತ್ತು. 'ಕ್ಯಾಪ್ಟನ್ ಥಂಡರ್‌ಬೋಲ್ಟ್' ಅಂತ ಹೆಸರಾದ ಫ್ರೆಡರಿಕ್ ವಾರ್ಡ್ ವರ್ಷಗಟ್ಟಲೆ ಬದುಕುಳಿದದ್ದರಲ್ಲಿ ಅವನ ಸಂಗಾತಿ ಮೇರಿ ಆ್ಯನ್ ಬಗ್ ಪಾಲು ದೊಡ್ಡದು. ಆಕೆಯ ತಾಯಿ ಮೂಲನಿವಾಸಿ. ಮಸ್ಕಿಟೋ ಎಂಬವನನ್ನಂತೂ ಸಿಡ್ನಿಯ ಕಡೆಯಿಂದ ಗಡೀಪಾರು ಮಾಡಿ, ವ್ಯಾನ್ ಡೀಮನ್ಸ್ ಲ್ಯಾಂಡ್‌ನಲ್ಲಿ ಬುಷ್‌ರೇಂಜರ್‌ಗಳ ಜಾಡು ಹಿಡಿಯಲು ಬಳಸಿಕೊಂಡರು. ಊರಿಗೆ ವಾಪಸ್ ಕಳಿಸುತ್ತೇವೆ ಅಂದ ಮಾತು ಉಳಿಸಿಕೊಳ್ಳಲಿಲ್ಲ. ಆಮೇಲೆ ಅವನೇ ಬಿಳಿಯರ ಮೇಲೆ ಬಿದ್ದ. 1825ರಲ್ಲಿ ಗಲ್ಲಿಗೆ ಹಾಕಿದರು.

ಕೊನೆಯ ಬುಷ್‌ರೇಂಜರ್ ಅಂತ ಹಲವರು ಕರೆಯುವ ಜಿಮ್ಮಿ ಗವರ್ನರ್ ಕೂಡ ಮೂಲನಿವಾಸಿ, ಹಿಂದೆ ಪೊಲೀಸರಿಗೆ ಜಾಡು ಹಿಡಿದುಕೊಟ್ಟವನು. ಬಿಳಿ ಹುಡುಗಿಯನ್ನು ಮದುವೆಯಾಗಿದ್ದ. ಅದಕ್ಕೆ ಅವಳು ಕೇಳಿಸಿಕೊಂಡ ಹೀನಾಯದ ಮಾತುಗಳು ಜಗಳವಾಗಿ, 1900ರ ಜುಲೈನಲ್ಲಿ ಘೋರ ಕೊಲೆಗಳಾದವು. ಹೆಂಗಸರು, ಮಕ್ಕಳೂ ಸತ್ತರು. ಅಕ್ಟೋಬರ್‌ನಲ್ಲಿ ಜಿಮ್ಮಿಯನ್ನೂ ತಮ್ಮ ಜೋನನ್ನೂ ಔಟ್‌ಲಾ ಅಂತ ಸಾರಿದರು. 1901ರ ಜನವರಿ 1ಕ್ಕೆ ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಂದೇ ದೇಶವಾಯಿತು, ಸಿಡ್ನಿಯಲ್ಲಿ ಮೆರವಣಿಗೆ ನಡೆಯಿತು. ಆ ಊರಿನ ಡಾರ್ಲಿಂಗ್‌ಹರ್ಸ್ಟ್ ಜೈಲಿನಲ್ಲಿ ಜಿಮ್ಮಿಯನ್ನು ಗಲ್ಲಿಗೇರಿಸಿದ್ದು ಅದೇ ಜನವರಿ 18ರಂದು.