ಒಂದು ಕಳೆಯುವ ಲೆಕ್ಕ: ಟೆಲಿಫೋನು, ಕಾರು, ಪೇಸ್‌ಮೇಕರ್

ಮೊಬೈಲ್ ಹಿಂದೆ ಅಂಟಿಸಿದರೆ ರೇಡಿಯೇಷನ್ ತಡೆಯುತ್ತದೆ ಎಂದು ಸ್ಟಿಕರ್ ಮಾರುವವರು ಇನ್ನೂ ಇದ್ದಾರೆ. 2020ರಲ್ಲಿ, ಗೋರಕ್ಷಣೆಗೆಂದು ಕೇಂದ್ರ ಸರ್ಕಾರ ಮಾಡಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯಿಂದ ಮಾಡಿದ ಚಿಪ್ ಒಂದನ್ನು ತೋರಿಸಿ ಇದೇ ಮಾತು ಹೇಳಿದ್ದರು. ಆಧಾರ ಕೊಡಿ ಎಂದು ನೂರಾರು ವಿಜ್ಞಾನಿಗಳು ಪತ್ರ ಬರೆದರು. ಚಿಪ್ ಸುದ್ದಿ ಓಡಿದಷ್ಟು ದೂರ ಆ ಪತ್ರದ ಸುದ್ದಿ ಓಡಲಿಲ್ಲ, ಬಿಡಿ. ಹೃದಯದ ಮಿಡಿತ ತಪ್ಪದಂತೆ ಎದೆಯಲ್ಲಿ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರ ಹಾಕಿಸಿಕೊಂಡವರ ಮನೆಯಲ್ಲಂತೂ ಈ ಭಯ ಇನ್ನೂ ಜಾಸ್ತಿ. ಅಜ್ಜನ ಎದುರು ಫೋನ್ ತೆಗೆಯಬೇಡ, ಮಿಕ್ಸಿ ಹಾಕಬೇಡ, ಮೈಕ್ರೋವೇವ್ ಬೇಡವೇ ಬೇಡ.

ಈ ಭಯದಲ್ಲಿ ಒಂದು ಎಳೆ ನಿಜ ಇದೆ. ಯಾವ ತಂತಿಯೇ ಆಗಲಿ, ಅಕ್ಕಪಕ್ಕದ ಕರೆಂಟಿನ ಏರಿಳಿತವನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ಫೋನನ್ನು ಸ್ಪೀಕರ್ ಪಕ್ಕ ಇಟ್ಟಾಗ, ರಿಂಗ್ ಆಗುವುದಕ್ಕೂ ಮೊದಲೇ ಸ್ಪೀಕರ್ ಗುರ್‌ಗುಟ್ಟುತ್ತಿತ್ತಲ್ವಾ, ಅದೇ ಇದು. ಇದಕ್ಕೆ ಸ್ಟಿಕರ್ ಮಾರುವವರ ಪರಿಹಾರ ಎಂದರೆ ಗದ್ದಲಕ್ಕೆ ಅಡ್ಡ ಗೋಡೆ ಕಟ್ಟುವುದು. ಎಂಜಿನಿಯರುಗಳೂ ಅಗತ್ಯ ಬಿದ್ದಲ್ಲಿ ಲೋಹದ ಕವಚ ಹಾಕುತ್ತಾರೆ. ಆದರೆ ಅವರ ಕೈಯಲ್ಲಿ ಅದಕ್ಕಿಂತ ಅಗ್ಗದ, ನೂರನಲವತ್ತು ವರ್ಷ ಹಳೆಯ ಒಂದು ಉಪಾಯವಿದೆ. ಗದ್ದಲ ಬರುವುದಾದರೆ ಬರಲಿ, ಎರಡು ತಂತಿಗಳ ಮೇಲೂ ಸಮವಾಗಿ ಬರಲಿ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಆಯಿತು.

ಮೊದಲು ಟೆಲಿಗ್ರಾಫ್ ಕಾಲಕ್ಕೆ ಹೋಗಬೇಕು. 1838ರಲ್ಲಿ ಜರ್ಮನಿಯ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್ ಒಂದು ಉಳಿತಾಯದ ದಾರಿ ಕಂಡುಕೊಂಡ. ಕರೆಂಟು ಹೋಗುವುದಕ್ಕೆ ಒಂದು ತಂತಿ, ವಾಪಸು ಬರುವುದಕ್ಕೆ ಇನ್ನೊಂದು ತಂತಿ ಬೇಕು ಎಂದು ಎಲ್ಲರೂ ನಂಬಿದ್ದರು. ವಾಪಸು ಬರುವ ದಾರಿಯಾಗಿ ನೆಲವನ್ನೇ ಬಳಸಬಹುದು ಎಂದು ಅವನು ತೋರಿಸಿದ. ಅರ್ಧ ತಂತಿ ಉಳಿಯಿತು. ಟೆಲಿಗ್ರಾಫಿಗೆ ಇದು ಧಾರಾಳವಾಗಿ ಸಾಕಿತ್ತು. ಟಿಕ್ ಟಿಕ್ ಮಾತ್ರ ತಾನೇ, ಸ್ವಲ್ಪ ಗದ್ದಲ ಬೆರೆತರೂ ನಷ್ಟವಿಲ್ಲ.

1876ರಲ್ಲಿ ಟೆಲಿಫೋನು ಬಂತು. ಅದನ್ನೂ ಇದೇ ಒಂಟಿ ತಂತಿಗೆ ಜೋಡಿಸಿದರು. ಆಗ ಗೊತ್ತಾಯಿತು ನೆಲದ ಗುಣ. ಎಲ್ಲರ ಕರೆಂಟೂ ಅದೇ ನೆಲದಲ್ಲಿ ಹರಿಯುತ್ತಿತ್ತು. ಪಕ್ಕದ ಟೆಲಿಗ್ರಾಫಿನ ಟಿಕ್ ಟಿಕ್ ಫೋನಿನಲ್ಲಿ ಕೇಳಿಸುತ್ತಿತ್ತು. ಬೇರೆಯವರ ಮಾತು ನಡುವೆ ತೂರಿಕೊಳ್ಳುತ್ತಿತ್ತು. ಮುಂದೆ ವಿದ್ಯುತ್ ಟ್ರಾಮುಗಳು ಬಂದ ಮೇಲೆ ಎಷ್ಟೋ ಊರುಗಳಲ್ಲಿ ಫೋನ್ ಎತ್ತಿದರೆ ಬರೀ ಮೊರೆತ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೆ ಮದ್ದು ಹುಡುಕಿ 1881ರಲ್ಲಿ ಪೇಟೆಂಟ್ ಪಡೆದ. ನೆಲವನ್ನು ಬಿಟ್ಟು ಎರಡು ತಂತಿ ಹಾಕಿ, ಅವೆರಡನ್ನೂ ಒಂದಕ್ಕೊಂದು ಹೊಸೆಯಿರಿ. ಇಷ್ಟೇ ಅದರ ಸಾರ. ಟೆಲಿಫೋನು ಕಂಡುಹಿಡಿದವನು ಎಂದು ಬೆಲ್‌ನನ್ನು ಹೊಗಳುವವರು ಈ ಪೇಟೆಂಟನ್ನು ನೆನೆಯುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಇದು ಟೆಲಿಫೋನಿಗಿಂತ ದೊಡ್ಡದು. ಮನೆಮನೆಯ ಲ್ಯಾಂಡ್‌ಲೈನ್ ಹೆಚ್ಚು ಕಡಿಮೆ ಮರೆಯಾಯಿತು, ಹೊಸೆದ ಜೋಡಿ ತಂತಿ ಮಾತ್ರ ಎಲ್ಲೆಲ್ಲೂ ಇದೆ.

ಅದು ಕೆಲಸ ಮಾಡುವ ರೀತಿ ನೋಡಿ. ಒಂದು ತಂತಿಯಲ್ಲಿ ಸಂಕೇತವನ್ನು 1 ವೋಲ್ಟ್ ಮೇಲಕ್ಕೆ, ಇನ್ನೊಂದರಲ್ಲಿ 1 ವೋಲ್ಟ್ ಕೆಳಕ್ಕೆ ಕಳಿಸುತ್ತೇವೆ. ನಡುವಿನ ಅಂತರ 2 ವೋಲ್ಟ್. ದಾರಿಯಲ್ಲಿ ಯಾವುದೋ ಮೋಟಾರು 5 ವೋಲ್ಟಿನ ಗದ್ದಲ ತುಂಬಿತು ಅನ್ನಿ. ಮೊದಲನೆಯದು 6 ಆಯಿತು, ಎರಡನೆಯದು 4 ಆಯಿತು. ಆ ತುದಿಯಲ್ಲಿ ಕೂತವನು ನೋಡುವುದು ಅಂತರವನ್ನು ಮಾತ್ರ. ಆರರಲ್ಲಿ ನಾಲ್ಕು ಹೋದರೆ ಎರಡು. ಸಂಕೇತಕ್ಕಿಂತ ದೊಡ್ಡದಾಗಿದ್ದ ಗದ್ದಲ ಲೆಕ್ಕದಿಂದಲೇ ಹೊರಗೆ ಬಿತ್ತು.

ಹರಿಗೋಲಿನಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ ಎಂದುಕೊಳ್ಳಿ. ಇಬ್ಬರಲ್ಲಿ ಯಾರು ಎಷ್ಟು ಎತ್ತರ ಎಂದು ದಡದಿಂದ ಅಳೆಯಹೊರಟರೆ ಅಲೆ ಪ್ರತಿ ಸಲ ಲೆಕ್ಕ ಕೆಡಿಸುತ್ತದೆ. ಅದೇ ಒಬ್ಬರ ನೆತ್ತಿಗೂ ಇನ್ನೊಬ್ಬರ ನೆತ್ತಿಗೂ ಇರುವ ಅಂತರ ನೋಡಿದರೆ ಅಲೆ ಎಷ್ಟೇ ಏರಲಿ ಇಳಿಯಲಿ, ಅಂತರ ಅಷ್ಟೇ. ತಕರಾರು ಇಲ್ಲೊಂದಿದೆ. ಅಲೆ ಒಂದು ಕಡೆಯಿಂದ ಬಂದಾಗ ಹರಿಗೋಲು ವಾಲುತ್ತದೆ, ಆ ಕಡೆ ನಿಂತವನು ಸ್ವಲ್ಪ ಹೆಚ್ಚು ಏಳುತ್ತಾನೆ. ಆದರೆ ಹರಿಗೋಲು ಸುಮ್ನೆ ನಿಲ್ಲುವುದಿಲ್ಲ, ಗಿರಗಿರ ತಿರುಗುತ್ತದೆ. ಈಗ ಅವನು ಆ ಕಡೆ, ಮರುಕ್ಷಣ ಇವನು ಆ ಕಡೆ. ಸರಾಸರಿಯಲ್ಲಿ ಇಬ್ಬರೂ ಅಷ್ಟಷ್ಟೇ ಎದ್ದಿರುತ್ತಾರೆ. ತಂತಿ ಹೊಸೆಯುವುದು ಇದಕ್ಕೇ. ಪ್ರತಿ ಅರ್ಧ ಸುತ್ತಿಗೆ ಗದ್ದಲಕ್ಕೆ ಹತ್ತಿರವಿದ್ದ ತಂತಿ ದೂರವಾಗುತ್ತದೆ, ದೂರವಿದ್ದದ್ದು ಹತ್ತಿರ ಬರುತ್ತದೆ. ಇನ್ನೊಂದು ಮಾತು: ಅಲೆ ವಿಪರೀತವಾದರೆ ಹರಿಗೋಲು ಮಗುಚುತ್ತದೆ. ಸರ್ಕ್ಯೂಟಿಗೂ ಅಂಥ ಮಿತಿ ಉಂಟು. ಎರಡೂ ತಂತಿ ಒಟ್ಟಾಗಿ ಮಿತಿ ಮೀರಿ ಏರಿದರೆ ಕಳೆಯುವ ಚಿಪ್ ಕೈಚೆಲ್ಲುತ್ತದೆ.

ಕಂಪ್ಯೂಟರಿನ ಲ್ಯಾನ್ ಕೇಬಲ್ ಸೀಳಿ ನೋಡಿ. ನಾಲ್ಕು ಜೋಡಿ ತಂತಿ ಸಿಗುತ್ತವೆ. ನಾಲ್ಕರ ಹೊಸೆತವೂ ಬೇರೆ ಬೇರೆ ಬಿಗಿ. ಒಂದೇ ಅಳತೆಯಲ್ಲಿ ಹೊಸೆದಿದ್ದರೆ ಅಕ್ಕಪಕ್ಕದ ಜೋಡಿಗಳು ಉದ್ದಕ್ಕೂ ಹೆಜ್ಜೆಗೆ ಹೆಜ್ಜೆ ಕೂಡಿ ಒಂದರ ಮಾತು ಇನ್ನೊಂದಕ್ಕೆ ಸೋರುತ್ತಿತ್ತು. ಯುಎಸ್‌ಬಿ, ಎಚ್‌ಡಿಎಂಐ ಕೇಬಲ್‌ಗಳ ಒಳಗೂ ಇದೇ ಕಳೆಯುವ ಲೆಕ್ಕ.

ಈಗ ಕಾರಿಗೆ ಬನ್ನಿ. ಕಾರಿನಲ್ಲಿ ಸ್ಟೈನ್‌ಹೈಲ್ ಇನ್ನೂ ಬದುಕಿದ್ದಾನೆ. ಹಾರ್ನು, ಹೆಡ್‌ಲೈಟು, ಸ್ಟಾರ್ಟರ್ ಎಲ್ಲದಕ್ಕೂ ಒಂದೊಂದೇ ತಂತಿ, ವಾಪಸು ದಾರಿ ಕಾರಿನ ಮೈ. ಮೆಕ್ಯಾನಿಕ್‌ಗಳು ಬಾಡಿ ಅರ್ತ್ ಎನ್ನುವುದು ಇದಕ್ಕೇ. ಬಲ್ಬಿಗೆ ಅದು ಸಾಕು. ಎಂಜಿನ್ನಿನ ಕಂಪ್ಯೂಟರಿಗೂ ಬ್ರೇಕಿನ ಕಂಪ್ಯೂಟರಿಗೂ ನಡುವೆ ಮಾತುಕತೆ ನಡೆಯಬೇಕಾದರೆ ಅದು ಸಾಲದು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿಗೆ ಹೋಗುವುದು ಹತ್ತಾರು ಸಾವಿರ ವೋಲ್ಟ್. ಅದರ ಪಕ್ಕದಲ್ಲೇ ಒಂದೆರಡು ವೋಲ್ಟಿನ ಸಂಕೇತ ಹಾಯಬೇಕು.

ಬಾಷ್ ಕಂಪನಿ 1983ರಲ್ಲಿ ಇದರ ಮೇಲೆ ಕೆಲಸ ಶುರು ಮಾಡಿತು. 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಕ್ಯಾನ್ ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟಿತು. ಬೆಂಗಳೂರಿನವರು ಆಡುಗೋಡಿಯ ಮೈಕೋ ಎಂದು ಕರೆಯುತ್ತಿದ್ದ ಕಾರ್ಖಾನೆ ಇದೇ ಬಾಷ್‌ನದು. ಜರ್ಮನಿಯ ಆಚೆ ಅದರ ಸಾಫ್ಟ್‌ವೇರ್ ಕೆಲಸದ ಅತಿ ದೊಡ್ಡ ನೆಲೆಯೂ ಬೆಂಗಳೂರು, ಕೊಯಮತ್ತೂರುಗಳಲ್ಲೇ ಇದೆ. ಹಾಗಾಗಿ ಈ ಜೋಡಿ ತಂತಿಯ ಮೇಲೆ ಹರಿಯುವ ಮಾತನ್ನು ಬರೆಯುವುದು ಇಲ್ಲಿ ಸಾವಿರಾರು ಮಂದಿಯ ದಿನಗೂಲಿ!

ಕ್ಯಾನ್ ಎಂದರೆ ಎರಡೇ ತಂತಿ, ಹೊಸೆದದ್ದು. ಯಾರೂ ಮಾತಾಡದಿದ್ದಾಗ ಎರಡೂ 2.5 ವೋಲ್ಟಿನಲ್ಲಿ ತಣ್ಣಗಿರುತ್ತವೆ. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಅಂತರ 2 ವೋಲ್ಟ್. ಕಾರಿನ ಕಂಪ್ಯೂಟರುಗಳೆಲ್ಲ ಇದೇ ಎರಡು ತಂತಿಗೆ ನೇತುಬಿದ್ದಿರುತ್ತವೆ. ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಏನು ಗತಿ? ಇಲ್ಲೇ ಇರುವುದು ಜಾಣತನ. ತಂತಿಗಳನ್ನು ಮೇಲಕ್ಕೂ ಕೆಳಕ್ಕೂ ಎಳೆದು ಹಿಡಿಯುವುದು ಸೊನ್ನೆ, ಸುಮ್ಮನೆ ಬಿಡುವುದು ಒಂದು. ಒಬ್ಬ ಸೊನ್ನೆ ಕಳಿಸಿ ಇನ್ನೊಬ್ಬ ಒಂದು ಕಳಿಸಿದರೆ ತಂತಿಯ ಮೇಲೆ ಕಾಣುವುದು ಸೊನ್ನೆಯೇ. ಒಂದು ಕಳಿಸಿದವನು ತಂತಿ ನೋಡಿ, ತನಗಿಂತ ಅವಸರದವನು ಇದ್ದಾನೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸುತ್ತಾನೆ. ಗೆದ್ದವನ ಸಂದೇಶದ ಒಂದು ಬಿಟ್ ಕೂಡ ಹಾಳಾಗುವುದಿಲ್ಲ. ಪ್ರತಿ ಸಂದೇಶವೂ ತನ್ನದೊಂದು ಸಂಖ್ಯೆಯಿಂದ ಶುರುವಾಗುತ್ತದೆ, ಆ ಸಂಖ್ಯೆ ಚಿಕ್ಕದಾದಷ್ಟೂ ಅದಕ್ಕೆ ಮೊದಲ ಮಣೆ. ನಮ್ಮ ಟಿವಿ ಚರ್ಚೆಗಳಿಗೂ ಇದನ್ನು ಅಳವಡಿಸಬಾರದೇ ಎಂದು ನನಗೆ ಆಗಾಗ ಅನಿಸುತ್ತದೆ.

1991ರ ಮರ್ಸಿಡಿಸ್ ಎಸ್ ಕ್ಲಾಸ್ ಇದನ್ನು ಹೊತ್ತು ಬಂತು. ಫಿಲಿಪ್ಸ್ ತನ್ನ ಎಕ್ಸ್‌ರೇ ಯಂತ್ರಗಳ ಒಳಗೆ, ಫಿನ್ಲೆಂಡಿನ ಕೋನೆ ಕಂಪನಿ ತನ್ನ ಲಿಫ್ಟುಗಳ ಒಳಗೆ ಇದನ್ನು ಬಲು ಬೇಗ ಬಳಸಿದವು. ಈಗ ಗ್ಯಾರೇಜಿನಲ್ಲಿ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾರಲ್ಲ, ಅದರ 6 ಮತ್ತು 14ನೇ ಪಿನ್ನುಗಳು ಇದೇ ಜೋಡಿ. ಬ್ಯಾಟರಿ ಬಿಚ್ಚಿ ಆ ಎರಡರ ನಡುವೆ ಮೀಟರ್ ಇಟ್ಟರೆ ಸಾಮಾನ್ಯವಾಗಿ 60 ಓಮ್ ತೋರಿಸಬೇಕು, ಯಾಕೆಂದರೆ ಎರಡು ತುದಿಗೂ ಒಂದೊಂದು 120 ಓಮಿನ ರೆಸಿಸ್ಟರ್ ಇರುತ್ತದೆ, ಕರೆಂಟಿಗೆ ಎರಡು ದಾರಿ ಸಿಕ್ಕಾಗ ತಡೆ ಅರ್ಧವಾಗುತ್ತದೆ. 120 ತೋರಿಸಿದರೆ ಒಂದು ತುದಿ ಕೈಬಿಟ್ಟಿದೆ ಎಂದರ್ಥ. ಇಲಿ ಕಡಿದ ವೈರಿಂಗ್ ಕಿಟ್ ರಿಪೇರಿ ಮಾಡುವಾಗ ಕೆಲವರು ಈ ಎರಡು ತಂತಿಗಳನ್ನು ಬಿಡಿಸಿ, ಉದ್ದುದ್ದ ತುಂಡು ಸೇರಿಸಿ, ಟೇಪ್ ಸುತ್ತಿ ಕಳಿಸುತ್ತಾರೆ. ಸಂಪರ್ಕ ಸರಿಯಾಗಿಯೇ ಇರುತ್ತದೆ. ಹೊಸೆತ ಹೋಗಿರುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪಗಳು ಕಾರಣವಿಲ್ಲದೆ ಮಿನುಗಿದರೆ ದೃಷ್ಟಿ ತಾಗಿತು ಎಂದು ನಿಂಬೆಹಣ್ಣು ಕಟ್ಟಬೇಡಿ.

ಇನ್ನು ಎದೆಯೊಳಕ್ಕೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಓಕೆ ಸೆನ್ನಿಂಗ್ ಎಂಬ ಸರ್ಜನ್ ಮೊದಲ ಬಾರಿ ಪೇಸ್‌ಮೇಕರನ್ನು ಮೈಯೊಳಗೆ ಇಟ್ಟರು. ಮಾಡಿಕೊಟ್ಟವರು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎಪಾಕ್ಸಿಯಲ್ಲಿ ಎರೆದಿದ್ದರು. ರೋಗಿ ಆರ್ನೆ ಲಾರ್ಸನ್. ಅವರ ಹೆಂಡತಿ ಹಟ ಹಿಡಿದದ್ದರಿಂದಲೇ ಸೆನ್ನಿಂಗ್, ಎಲ್ಮ್‌ಕ್ವಿಸ್ಟ್ ಇಬ್ಬರೂ ಈ ಸಾಹಸಕ್ಕೆ ಒಪ್ಪಿದ್ದು. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮುಂದೆ ಒಟ್ಟು 26 ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದರು. ಸರ್ಜನ್ನೂ ಎಂಜಿನಿಯರೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು.

ಆರಂಭದ ಪೇಸ್‌ಮೇಕರ್‌ಗಳು ಕಿವುಡು. ಹೃದಯ ತಾನೇ ಮಿಡಿಯುತ್ತಿದೆಯೋ ಇಲ್ಲವೋ ನೋಡದೆ ಒಂದೇ ತಾಳದಲ್ಲಿ ತಟ್ಟುತ್ತಿದ್ದವು. ಕಿವುಡನಿಗೆ ಗದ್ದಲದ ತೊಂದರೆ ಇಲ್ಲ ನೋಡಿ. 1960ರ ದಶಕದ ಮಧ್ಯದಲ್ಲಿ ಬರೂಹ್ ಬೆರ್ಕೋವಿಟ್ಸ್ ಕೇಳಿಸಿಕೊಳ್ಳುವ ಪೇಸ್‌ಮೇಕರ್ ಮಾಡಿದ. ಹೃದಯ ತಾನಾಗಿ ಮಿಡಿದರೆ ಅದು ಸುಮ್ಮನಿರುತ್ತದೆ, ತಪ್ಪಿದರೆ ಮಾತ್ರ ತಟ್ಟುತ್ತದೆ. ತೊಡಕು ಶುರುವಾದದ್ದು ಇಲ್ಲೇ. ಅದು ಕೇಳಿಸಿಕೊಳ್ಳಬೇಕಾದ ಸಂಕೇತ ಕೆಲವು ಮಿಲಿವೋಲ್ಟ್ ಅಷ್ಟೇ. ಬೇರೆ ಯಾವುದೋ ಗದ್ದಲವನ್ನು ಮಿಡಿತ ಎಂದು ತಿಳಿದರೆ, ಬೇಕಾದಾಗಲೂ ತಟ್ಟದೆ ಕೂತುಬಿಡುತ್ತದೆ.

ಆಗ ಬಹಳ ಕಡೆ ಬಳಕೆಯಲ್ಲಿದ್ದದ್ದು ಒಂಟಿ ಧ್ರುವದ ತಂತಿ. ತಂತಿಯ ತುದಿ ಹೃದಯದಲ್ಲಿ, ಇನ್ನೊಂದು ಧ್ರುವ ಹೆಗಲ ಕೆಳಗೆ ಇಟ್ಟ ಪೇಸ್‌ಮೇಕರಿನ ಲೋಹದ ಡಬ್ಬಿಯೇ. ನಡುವೆ ಕರೆಂಟು ವಾಪಸಾಗುವುದು ಮಾಂಸದ ಮೂಲಕ. ಸ್ಟೈನ್‌ಹೈಲನ ನೆಲ, ಮೆಕ್ಯಾನಿಕ್‌ನ ಬಾಡಿ ಅರ್ತ್, ಇಲ್ಲಿ ಅಕ್ಷರಶಃ ಬಾಡಿ! ತೊಂದರೆಯೂ ಅದೇ. ಡಬ್ಬಿ ಕೂತಿರುವುದು ಎದೆಯ ಸ್ನಾಯುವಿನ ಮೇಲೆ. ಸ್ನಾಯು ಬಿಗಿದಾಗ ಅದರಲ್ಲೂ ವಿದ್ಯುತ್ ಏಳುತ್ತದೆ. ವೈದ್ಯರು ಪರೀಕ್ಷೆಗಾಗಿ, ಎರಡೂ ಅಂಗೈ ಜೋಡಿಸಿ ಬಲವಾಗಿ ಒತ್ತಿ ಎನ್ನುತ್ತಿದ್ದರು. ಕೆಲವರಲ್ಲಿ ಅಷ್ಟಕ್ಕೇ ಪೇಸ್‌ಮೇಕರ್ ಮೋಸಹೋಗಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಫೋನಲ್ಲ, ಮಿಕ್ಸಿಯಲ್ಲ, ಒಂದು ಗಟ್ಟಿ ನಮಸ್ಕಾರ ಸಾಕಿತ್ತು.

ಪರಿಹಾರ ಬೆಲ್‌ನದೇ. ಎರಡು ಧ್ರುವಗಳನ್ನೂ ಹೃದಯದ ಒಳಗೇ ಇಡಿ: ತುದಿಯಲ್ಲಿ ಒಂದು, ಸುಮಾರು ಒಂದು ಸೆಂಟಿಮೀಟರ್ ಹಿಂದೆ ಉಂಗುರದಂತೆ ಇನ್ನೊಂದು. ಹೃದಯದ ಮಿಡಿತದ ಅಲೆ ಈ ಎರಡನ್ನು ಬೇರೆ ಬೇರೆ ಕ್ಷಣದಲ್ಲಿ ದಾಟುತ್ತದೆ, ಹಾಗಾಗಿ ಅಂತರ ಕಾಣುತ್ತದೆ. ದೂರದ ಸ್ನಾಯುವಿನ, ಹೊರಗಿನ ಫೋನಿನ ಗದ್ದಲ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಸಮ ತಾಗುತ್ತದೆ. ಕಳೆದರೆ ಹೋಯಿತು. ಇಷ್ಟು ಸುಲಭವಿದ್ದರೆ ಮೊದಲೇ ಯಾಕೆ ಮಾಡಲಿಲ್ಲ ಎಂದರೆ, ಎರಡು ತಂತಿ ತೂರಿಸಿದ ಆಗಿನ ಲೀಡ್‌ಗಳು, ಅಂದರೆ ಡಬ್ಬಿಯಿಂದ ಹೃದಯಕ್ಕೆ ಹೋಗುವ ಕೇಬಲ್‌ಗಳು, ದಪ್ಪ, ಬೇಗ ಕೆಡುತ್ತಿದ್ದವು. ಸುರುಳಿಯೊಳಗೆ ಸುರುಳಿ ಇಟ್ಟು ಸಣ್ಣಗೆ ಮಾಡುವುದನ್ನು ಕಲಿಯಲು ಸಮಯ ಹಿಡಿಯಿತು. ಮಿಲಿವೋಲ್ಟಿಗಿಂತ ಚಿಕ್ಕ ಅಂತರವನ್ನು ಕಳೆದು ಹಿಗ್ಗಿಸುವ ಆಂಪ್ಲಿಫೈಯರ್ ಮಾತ್ರ ಹಳೆಯದು. ಕೇಂಬ್ರಿಡ್ಜಿನ ಬ್ರಯನ್ ಮ್ಯಾಥ್ಯೂಸ್ 1934ರಲ್ಲೇ ನರಗಳ ವಿದ್ಯುತ್ ಅಳೆಯಲು ಅಂಥದ್ದನ್ನು ಮಾಡಿದ್ದ.

ಹಾಗಾದರೆ ಫೋನಿನ ಭಯ? ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ ಎನ್ನುತ್ತಾರೆ. ಅಂಗಿಯ ಎಡ ಜೇಬಿನ ಹಿಂದೆ ಪೇಸ್‌ಮೇಕರ್ ಇದ್ದರೆ ಫೋನ್ ಬೇರೆ ಕಡೆ ಇಡಿ, ಅಷ್ಟೇ. ಎಡೆಬಿಡದೆ ಗದ್ದಲ ಕೇಳಿದರೆ ಇವತ್ತಿನ ಪೇಸ್‌ಮೇಕರ್ ಅನುಮಾನಪಟ್ಟು ಕಿವಿ ಮುಚ್ಚಿ, ಹಳೆಯ ಕಿವುಡನ ಹಾಗೆ ಒಂದೇ ತಾಳದಲ್ಲಿ ತಟ್ಟತೊಡಗುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಫೋನುಗಳ ಒಳಗೆ ಈಚೆಗೆ ಸೇರಿರುವ ಅಯಸ್ಕಾಂತದ ಬಗ್ಗೆ. ಐಫೋನ್ 12 ಅನ್ನು ಎದೆಗೆ ಒತ್ತಿ ಹಿಡಿದಾಗ ಹೃದಯದ ಲಯ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಡುವ ಇಂಪ್ಲಾಂಟ್ ಒಂದು ತನ್ನ ಕೆಲಸ ತಾತ್ಕಾಲಿಕವಾಗಿ ನಿಲ್ಲಿಸಿದ್ದು 2021ರಲ್ಲಿ ವರದಿಯಾಯಿತು. ಇದು ಗದ್ದಲದ ಕಥೆಯಲ್ಲ. ವೈದ್ಯರಿಗೆ ಅನುಕೂಲವಾಗಲೆಂದೇ ಆ ಯಂತ್ರಗಳು ಅಯಸ್ಕಾಂತಕ್ಕೆ ಸ್ಪಂದಿಸುವಂತೆ ಮಾಡಿರುತ್ತಾರೆ. ಸ್ಟಿಕರ್ ಇದಕ್ಕೂ ಉಪಯೋಗವಿಲ್ಲ. ದೂರ ಇಡುವುದೇ ಉಪಾಯ.

ಈಗ ತಂತಿಯೇ ಇಲ್ಲದ ಪೇಸ್‌ಮೇಕರ್ ಬಂದಿದೆ. ದೊಡ್ಡ ಮಾತ್ರೆಯಷ್ಟು ಉದ್ದ, ಇಡೀ ಯಂತ್ರವೇ ಹೃದಯದ ಒಳಗೆ ಕೂರುತ್ತದೆ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಒಂದೊಂದು ಬೇಕಾದವರಿಗೆ ಎರಡು ಮಾತ್ರೆ. ಅವು ಪ್ರತಿ ಮಿಡಿತಕ್ಕೂ ಪರಸ್ಪರ ಮಾತಾಡಬೇಕು. ರೇಡಿಯೋ ಬಳಸಿದರೆ ಪುಟ್ಟ ಬ್ಯಾಟರಿ ಬೇಗ ಬರಿದಾಗುತ್ತದೆ. ಹಾಗಾಗಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಬಟ್ ಕಂಪನಿಯ ಜೋಡಿಯಲ್ಲಿ ರಕ್ತ, ಮಾಂಸಗಳೇ ತಂತಿ. ಒಂದು ಮಾತ್ರೆ ಹೃದಯವನ್ನು ಮಿಡಿಸುವಷ್ಟು ಬಲವಿಲ್ಲದ ಸಣ್ಣ ವಿದ್ಯುತ್ ತುಡಿತ ಬಿಡುತ್ತದೆ, ಇನ್ನೊಂದು ತನ್ನೆರಡು ಧ್ರುವಗಳ ನಡುವೆ ಕಾಣುವ ಅಂತರದಲ್ಲಿ ಅದನ್ನು ಓದುತ್ತದೆ. ಎರಡು ಮಾತ್ರೆಗಳು ಒಂದಕ್ಕೊಂದು ಅಡ್ಡಡ್ಡ ಕೂತರೆ ಆ ಅಂತರ ಕುಗ್ಗಿ ಮಾತು ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ ವೈದ್ಯರು ಎರಡನೆಯದನ್ನು ಕೈಬಿಡುವ ಮೊದಲು ಸಂಕೇತ ಎಷ್ಟು ಬರುತ್ತಿದೆ ನೋಡುತ್ತಾರೆ. ಸಾಲದಿದ್ದರೆ ಬೇರೆ ಜಾಗ ಹುಡುಕುತ್ತಾರೆ.