ಡ್ರಮ್ಸಿಗೆ ರ್ಯಾಕ್ ಹಾಕಿದ್ರ ಲಗೇಜ್ ಹಗುರ ಆಗ್ತೈತೇನ್ರಿ?

ಗಣಪತಿ ಹಬ್ಬ ಹತ್ರ ಬಂತಂದ್ರ ಈ ಪ್ರಶ್ನೆ ಶುರು ಆಗ್ತೈತಿ. "ಸರ್, ಐದು ಪೀಸ್ ಕಿಟ್ ಐತಿ, ಮೂರು ಕ್ರ್ಯಾಶ್, ಒಂದು ರೈಡ್, ಸ್ಟ್ಯಾಂಡ್ ಹೊತ್ತು ಹೊತ್ತು ಸಾಕಾಗೈತಿ, ರ್ಯಾಕ್ ತಗೊಂಡ್ರ ಹಗುರ ಆಗ್ತೈತಲ್ರಿ?"

ಇಲ್ರಿ, ಆಗಂಗಿಲ್ಲ. ರ್ಯಾಕ್ ಅಂದ್ರ ಡ್ರಮ್ಸಿನ ಸುತ್ತ ನಿಂದ್ರಿಸೋ ಪೈಪಿನ ಚೌಕಟ್ಟು. ಕ್ರ್ಯಾಶ್, ರೈಡ್ ಅನ್ನೋ ಸಿಂಬಲ್ (ಲೋಹದ ತಟ್ಟಿ), ಟಾಮ್ ಅನ್ನೋ ಸಣ್ಣ ಡ್ರಮ್ಮು ಅದಕ್ಕ ತೂಗಹಾಕ್ತಾರ. ಎಷ್ಟು ಸಲ ಹೇಳಿದ್ರೂ ಮತ್ತ ಅದನ್ನ ಕೇಳ್ತೀರಿ, ಅದಕ್ಕ ಈ ಸಲ ಲೆಕ್ಕ ಹಾಕಿ ಬರದೀನಿ.

ಸ್ಟ್ಯಾಂಡ್ ಹೋಗ್ತಾವ, ಖರೇ. ಆದ್ರ ಸಿಂಬಲ್ ಗಾಳ್ಯಾಗ ನಿಂದ್ರಂಗಿಲ್ಲಲ್ಲ, ಅದಕ್ಕ ಬೂಮ್ ಆರ್ಮ್ (ಓರೆಯಾಗಿ ಚಾಚೋ ಕೋಲು) ಬೇಕು, ಆರ್ಮ್ ಹಿಡ್ಯಾಕ ಕ್ಲ್ಯಾಂಪ್ ಬೇಕು, ಕ್ಲ್ಯಾಂಪ್ ಹಿಡ್ಯಾಕ ಪೈಪ್ ಬೇಕು, ಪೈಪ್ ನಿಂದ್ರಾಕ ಕಾಲು ಬೇಕು. ಹೈ-ಹ್ಯಾಟ್ (ಪೆಡಲ್ ಇರೋ ಜೋಡಿ ಸಿಂಬಲ್) ಸ್ಟ್ಯಾಂಡ್, ಸ್ನೇರ್ (ಮುಂದ ಇಟ್ಕೊಳ್ಳೋ ಚಪ್ಪಟಿ ಡ್ರಮ್) ಸ್ಟ್ಯಾಂಡ್ ಹಂಗ ಉಳೀತಾವ. ಹೋದ ವರ್ಷ ನನ್ನ ಕಡೆ ಕಲಿಯೋ ಹುಡುಗ ಒಬ್ಬ ಇದನ್ನ ಒಪ್ಪಲೇ ಇಲ್ಲ, ಅವನ್ನ ಕರ್ಕೊಂಡು ಅಮರಗೋಳ ಎಪಿಎಂಸಿಗೆ ಹೋಗಿ ಪರಿಚಯದವರ ಅಂಗಡ್ಯಾಗ ಉಳ್ಳಾಗಡ್ಡಿ ತೂಗೋ ಕಾಟಾದ ಮ್ಯಾಲ ಎಲ್ಲಾ ಇಟ್ಟು ತೋರಿಸಿದೆ. ನಾಲ್ಕು ಡಬಲ್ ಬ್ರೇಸ್ (ಜೋಡಿ ಪಟ್ಟಿ ಕಾಲಿನ) ಬೂಮ್ ಸ್ಟ್ಯಾಂಡ್ 15 ಕೆಜಿ ಚಿಲ್ರೆ. ನನ್ನ ಮೂರು ಬದಿ ರ್ಯಾಕ್, ಕಾಲು, ಕ್ಲ್ಯಾಂಪು, ನಾಲ್ಕು ಆರ್ಮ್ ಸೇರಿ 17 ದಾಟ್ತು. ಹುಡುಗ ಎರಡೆರಡು ಸಲ ಮುಳ್ಳು ನೋಡಿದ. ಅಲ್ಯೂಮಿನಿಯಂ ಪೈಪ್ ಇದ್ರ ಒಂದಿಷ್ಟು ಉಳೀತೈತಿ, ಆದ್ರ ಕ್ಲ್ಯಾಂಪಿನ ಭಾರ ಹೆಂಗೂ ಇದ್ದದ್ದ. ಮತ್ತ ಸ್ಟ್ಯಾಂಡ್ ಒಂದೊಂದಾಗಿ ಮಡಚಿ ಆಟೋದಾಗ ಹಾಕಬಹುದು, ರ್ಯಾಕಿಗೆ ಟಾಟಾ ಏಸ್ ಬೇಕು, ಎತ್ತಾಕ ಇಬ್ಬರು ಬೇಕು.

ಹಂಗಾದ್ರ ರ್ಯಾಕ್ ಯಾಕ ಬೇಕ್ರಿ? ಪ್ರತಿ ಸಲ ಎಲ್ಲಾ ಇದ್ದಲ್ಲೇ ಇರಲಿ ಅಂತ. 1980ರ ದಶಕದಾಗ ಡ್ರಮ್ಸ್ ಮಾಡೋ ಪರ್ಲ್ ಕಂಪನಿಯವರು ಟೋಟೋ ಬ್ಯಾಂಡಿನ ಡ್ರಮ್ಮರ್ ಜೆಫ್ ಪೊರ್ಕಾರೊ ಜೊತಿ ಸೇರಿ ರ್ಯಾಕ್ ತಂದ್ರು, ಅಂವ ದಿನಾ ಸ್ಟುಡಿಯೋದಾಗ ಬಾರಿಸೋ ಮನಷ್ಯಾ. ಇವತ್ತು ಹಾವೇರ್ಯಾಗ ಮದುವಿ, ನಾಳೆ ಗದಗದಾಗ ಆರ್ಕೆಸ್ಟ್ರಾ ಅಂದ್ರೂ ಕಣ್ಣು ಮುಚ್ಚಿ ಕೈ ಹಾಕಿದ್ರ ಕ್ರ್ಯಾಶ್ ಅಲ್ಲೇ ಸಿಗ್ತೈತಿ. ವಾರಕ್ಕ ಎರಡು ಮೂರು ಪ್ರೋಗ್ರಾಂ ಇದ್ದವರಿಗೆ ಇದು ಬಂಗಾರ. ವರ್ಷಕ್ಕ ಎರಡು ಸಲ ಬಾರಸವ್ರು ಆ ರೊಕ್ಕದಾಗ ಒಂದು ಚಲೋ ರೈಡ್ ತಗೋರಿ.

ತಗೊಳ್ಳೋ ಮುಂದ ಪೈಪಿನ ಆಕಾರ ನೋಡ್ರಿ. ಜಿಬ್ರಾಲ್ಟರ್ ಕಂಪನಿದು ದುಂಡಂದು, ಒಂದೂವರಿ ಇಂಚು. ಪರ್ಲ್ ಐಕಾನ್ ಚೌಕ, ಯಮಾಹಾ ಹೆಕ್ಸ್‌ರ್ಯಾಕ್ ಆರು ಮೂಲಿ. ಇದರ ಕ್ಲ್ಯಾಂಪ್ ಅದಕ್ಕ ಕೂಡಂಗಿಲ್ಲ. ದುಂಡನ ಪೈಪಿನ ಮ್ಯಾಲ ಸಡ್ಲ ಬಿಟ್ರ ಭಾರದ ಟಾಮ್ ನಿಧಾನಕ ಕೆಳಗ ವಾಲ್ತೈತಿ, ಚೌಕದಾಗ ಆ ತ್ರಾಸಿಲ್ಲ. ನಿಮ್ಮ ಟಾಮ್ ರಾಡ್ ಎಷ್ಟು ದಪ್ಪ ಐತಿ ಅಂತ ವರ್ನಿಯರ್ ಹಿಡದು ಅಳದು ಆಮ್ಯಾಲ ಕ್ಲ್ಯಾಂಪ್ ಕೊಳ್ರಿ. ಎಲೆಕ್ಟ್ರಾನಿಕ್ ಕಿಟ್ಟಿನ ಹಳೇ ರ್ಯಾಕ್ ಸಿಕ್ತು ಅಂತ ಮರದ ಟಾಮ್ ತೂಗಹಾಕಬ್ಯಾಡ್ರಿ, ಅದರ ಪ್ಲಾಸ್ಟಿಕ್ ಜಾಯಿಂಟ್ ಪ್ಯಾಡಿನ ಭಾರಕ್ಕಷ್ಟ ಮಾಡಿದ್ದು.

ಜೋಡಸೋದು ಎಲ್ಲಾರೂ ಉಲ್ಟಾ ಮಾಡ್ತಾರ, ಮೊದ್ಲ ರ್ಯಾಕ್ ನಿಂದ್ರಿಸಿ ಅದರೊಳಗ ತಾವು ತುರಕೋತಾರ. ಮೊದ್ಲ ಥ್ರೋನ್ ಮ್ಯಾಲ ಕುಂದ್ರಿ, ಕಿಕ್ (ಕಾಲಿಂದ ಬಾರಿಸೋ ದೊಡ್ಡ ಡ್ರಮ್), ಸ್ನೇರ್, ಹೈ-ಹ್ಯಾಟ್ ಇಟ್ಕೋರಿ, ಕಾಲು ಆರಾಮ ಅದಾವಿಲ್ಲೋ ನೋಡ್ರಿ, ಆಮ್ಯಾಲ ರ್ಯಾಕ್ ನಿಮ್ಮ ಸುತ್ತ ಬರಲಿ. ಮುಂದಿನ ಪೈಪ್ ಕಿಕ್ಕಿನ ಹೂಪಿಗೆ, ಅಂದ್ರ ಅಂಚಿನ ಪಟ್ಟಿಗೆ, ತಾಗಬಾರದು, ತಾಗಿದ್ರ ಜರ್ರ್ ಅಂತೈತಿ, ನಡುವ ಎರಡು ಬೊಟ್ಟು ಹೋಗಬೇಕು. ಟಾಮ್ ಎಲ್ಲಾ ನಿಮ್ಮ ಕಡೆ ತೂಗ್ತಾವ, ಹಂಗಾಗಿ ಪಾದದ ಉದ್ದನ ಬದಿ ನಿಮ್ಮ ಕಡೆನ ಇರಲಿ. ಎರಡು ಪದ್ಯ ಬಾರಿಸಿ, ಸರಿ ಅನ್ನಿಸಿದ ಮ್ಯಾಲ ಡ್ರಮ್ ಕೀ ತಗೊಂಡು ಪ್ರತಿ ಮೆಮೊರಿ ಲಾಕ್ (ಬಿಚ್ಚಿ ಜೋಡಿಸಿದ್ರೂ ಅದೇ ಜಾಗ ಹಿಡಿಯೋ ಬಳಿ) ಬಿಗೀರಿ. ಇದನ್ನ ಬಿಟ್ರ ರ್ಯಾಕ್ ತಗೊಂಡಿದ್ದ ವ್ಯರ್ಥ. ವಿಂಗ್ ನಟ್ಟಿಗೆ ಮಾತ್ರ ಪಕ್ಕಡ್ ಹಾಕಬ್ಯಾಡ್ರಿ, ಥ್ರೆಡ್ ಹೋಗ್ತೈತಿ.

ಇನ್ನ ಯಾರೂ ಕೇಳದ ಒಂದು ಮಾತು, ಕೆಳಗ ಏನ್ ಹಾಸ್ತೀರಿ? ಕಲ್ಯಾಣ ಮಂಟಪದ ಗ್ರಾನೈಟ್ ಮ್ಯಾಲ ಇಡೀ ರ್ಯಾಕ್ ಜಾರ್ತೈತಿ, ಒಂದು ಸ್ಟ್ಯಾಂಡ್ ಸರದಂಗ ಅಲ್ಲ, ಕಿಟ್ಟಿಗೆ ಕಿಟ್ಟ ಮುಂದ ಹೋಗ್ತೈತಿ. ನಾನು ನವಲಗುಂದದ ಜಮಖಾನಿ ಹಾಸ್ತೀನಿ, ಹತ್ತಿದು, ಗಟ್ಟಿ ನೇಯ್ಗಿ, ಪಾದದ ರಬ್ಬರ್ ಕಚ್ಚಿ ಹಿಡೀತೈತಿ. ಆದ್ರ ನುಣ್ಣನ ನೆಲದ ಮ್ಯಾಲ ಜಮಖಾನಿನ ಜಾರ್ತೈತಿ, ಅದಕ್ಕ ಕೆಳಗ ಒಂದು ರಬ್ಬರ್ ಶೀಟ್, ಮತ್ತ ಥ್ರೋನ್ ಅದರ ಮ್ಯಾಲನ ಇರಬೇಕು, ನಿಮ್ಮ ಭಾರನ ಅದನ್ನ ಹಿಡೀತೈತಿ. ರ್ಯಾಕಿನ ಪ್ರತಿ ಪಾದ, ಪೆಡಲ್, ಥ್ರೋನ್ ಎಲ್ಲೆಲ್ಲಿ ಬರ್ತಾವ ಅಲ್ಲಿ ಬಿಳಿ ದಾರದಿಂದ ಹೊಲಿಗಿ ಹಾಕ್ರಿ. ಟೇಪ್ ಹಚ್ಚಿದ್ರ ಎರಡು ಮಳೆಗಾಲಕ್ಕ ಅಂಟು ಉಳದು ಮಣ್ಣು ಹಿಡೀತೈತಿ, ನನ್ನ ಹಳೇ ಜಮಖಾನಿ ಹಂಗ ಹಾಳಾತು.